ದುಗ್ಗಪ್ಪನಿಗೆ ಮಾತ್ರ ಕೇಳಿದ ಸದ್ದು

ಕಿವಿ ಕೇಳದ ಮನುಷ್ಯನೊಬ್ಬ ಸದ್ದು ಜಾಸ್ತಿಯಾಯಿತೆಂದು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದಾನೆ ಎಂಬ ಸುದ್ದಿ ನಾವುಂದದಲ್ಲಿ ಒಂದು ವಾರ ಜನರನ್ನು ನಗಿಸಿತು. ರಿಕ್ಷಾ ಸ್ಟ್ಯಾಂಡಿನಲ್ಲಿ ನಕ್ಕರು, ಮೀನು ಕೊಯ್ಯುವಲ್ಲಿ ನಕ್ಕರು, ಪಂಚಾಯಿತಿಯ ಅಧಿಕಾರಿ ರವಿಶಂಕರ್ ಕೂಡ ಅರ್ಜಿಯನ್ನು ಎರಡು ಸಲ ಓದಿ ನಕ್ಕರು. ಆದರೆ ಅರ್ಜಿ ಬಂದ ಮೇಲೆ ಏನಾದರೂ ಮಾಡಲೇಬೇಕಲ್ಲ. ಅವರು ಕುಂದಾಪುರದ ಕಾಲೇಜೊಂದಕ್ಕೆ ಫೋನ್ ಹಚ್ಚಿದರು.

"ಹ್ವಾಯ್ ಮೇಡಂ, ನಿಮ್ಮತ್ರ ಶಬ್ದ ಅಳತೆ ಮಾಡು ಮಿಷಿನ್ ಇತ್ತಂಬ್ರಲೆ?"

ಫೋನ್ ಎತ್ತಿದವಳು ವಿನಯಾ. ಬಸ್ರೂರಿನ ಹುಡುಗಿ, ಇಪ್ಪತ್ತೇಳು ವರ್ಷ, ಆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಮಿಷಿನ್ ಇದ್ದದ್ದು ನಿಜ. ಟಿವಿ ರಿಮೋಟಿನಷ್ಟು ಉದ್ದದ ಆ ಮೀಟರಿನ ತುದಿಗೆ ನೆಲ್ಲಿಕಾಯಿಯಷ್ಟು ದೊಡ್ಡ ಕಪ್ಪು ಸ್ಪಂಜಿನ ಉಂಡೆ. ಅದು ಬಂದು ಎರಡು ತಿಂಗಳಾಗಿತ್ತು. ವಿನಯಾ ಹೋದಲ್ಲೆಲ್ಲ ಹಿಡಿದುಕೊಂಡು ಹೋಗಿ ಅಳೆದೂ ಅಳೆದೂ ಇಟ್ಟಿದ್ದಳು. ಸ್ಟಾಫ್ ರೂಮು ಅರವತ್ತೊಂದು ಡೆಸಿಬೆಲ್. ಶಾಸ್ತ್ರಿ ಸರ್ಕಲ್ ಎಂಬತ್ತೆರಡು. ಮನೆಯಲ್ಲಿ ಅಮ್ಮ ಚಟ್ನಿ ರುಬ್ಬುವ ಮಿಕ್ಸಿ ಎಂಬತ್ತೆಂಟು, ಅದು ತಿರುಗುತ್ತಿರುವಾಗಲೇ ಅಮ್ಮ ಮಾತಾಡಿದರೆ ತೊಂಬತ್ತೊಂದು. ಇಷ್ಟಾದರೂ ಯಾರೂ ಈವರೆಗೆ ಆ ಅಂಕಿಗಳಿಂದ ಏನಾದರೂ ಆಗಬೇಕೆಂದು ಕೇಳಿರಲಿಲ್ಲ. ವಿನಯಾ ಬುಧವಾರ ಮಧ್ಯಾಹ್ನದ ಬಸ್ಸಿಗೇ ಹೊರಟಳು.

ಅರ್ಜಿ ಕೊಟ್ಟ ದುಗ್ಗಪ್ಪನ ಮನೆ ಹೆದ್ದಾರಿಯಿಂದ ಒಳಗೆ, ಸಮುದ್ರದ ಕಡೆಗೆ, ಊರವರು ಪಾದೆ ಎನ್ನುವ ಒಂದು ದೊಡ್ಡ ಬಂಡೆಯ ಬೆನ್ನ ಮೇಲೆ ಇತ್ತು. ಅದೇ ಬಂಡೆಯ ಇನ್ನೊಂದು ತುದಿಯಲ್ಲಿ ಪ್ರೇಮಾನಂದನ ಐಸ್ ಪ್ಲಾಂಟು. ಬೋಟಿನವರಿಗೆಲ್ಲ ಮಂಜುಗಡ್ಡೆ ಅಲ್ಲಿಂದಲೇ. ನಾಲ್ಕು ತಿಂಗಳ ಹಿಂದೆ ಅಲ್ಲಿಗೆ ಹೊಸ ಕಂಪ್ರೆಸರ್ ಬಂದಿತ್ತು, ದುಗ್ಗಪ್ಪನ ತಕರಾರೂ ಆಗಲೇ ಶುರುವಾಗಿತ್ತು.

ದುಗ್ಗಪ್ಪ ಮೂವತ್ತೆಂಟು ವರ್ಷ ಬೈಂದೂರು–ಕುಂದಾಪುರ ಬಸ್ಸು ಓಡಿಸಿದವನು. ಎಂಜಿನ್ ಡ್ರೈವರನ ತೊಡೆಯ ಪಕ್ಕದಲ್ಲೇ ಇರುತ್ತಿದ್ದ ಕಾಲದ ಬಸ್ಸುಗಳು. ಈಗ ಅವನಿಗೆ ಫೋನಿನ ರಿಂಗು ಕೇಳಿಸದು, ಕುಕ್ಕರಿನ ಸೀಟಿ ಕೇಳಿಸದು, ಹೆಂಡತಿ ಅಪ್ಪಿ ಕರೆದದ್ದಂತೂ ಕೇಳಿಸುವುದೇ ಇಲ್ಲ. ವಿನಯಾ ಅಂಗಳಕ್ಕೆ ಬಂದಾಗ ಅಪ್ಪಿ ಗಂಡನ ಕಿವಿಯ ಹತ್ತಿರ ಬಗ್ಗಿ ಕೂಗುತ್ತಿದ್ದಳು: "ಅಳತೆ ಮಾಡುಕೆ ಟೀಚರ್ ಬಂದಿರ್! ಟೀಚರ್!"

ದುಗ್ಗಪ್ಪ ಎದ್ದು ಕೈಮುಗಿದ. "ಬನ್ನಿ, ಕೂಕಣಿ. ಹೇಳ್ತೆ ಕಾಣಿ. ಯಾರೋ ಬಸ್ಸನ್ನ ಅಂಗಳದಗೆ ನಿಲ್ಸಿ, ಎಂಜಿನ್ ಬಂದ್ ಮಾಡ್ದೆ ಚಾ ಕುಡೂಕ್ ಹೋದಂಗ್ ಆಯ್ತ್. ನಾಕ್ ತಿಂಗ್ಳಾಯ್ತ್, ಇನ್ನೂ ಬರ್ಲಿಲ್ಲ ಮಾರಾಯ್ರೆ ಅವ!"

ವಿನಯಾಗೆ ನಗು ಬಂತು, ತಡೆದುಕೊಂಡಳು. ಕಿವಿ ಕೊಟ್ಟು ಕೇಳಿದಳು. ದೂರದಲ್ಲಿ ಕಡಲು, ತೆಂಗಿನ ಗರಿಯ ಸರಸರ, ಒಂದು ಕಾಗೆ. ಬಸ್ಸು ಎಲ್ಲೂ ಕೇಳಲಿಲ್ಲ.

ರವಿಶಂಕರ್ ಬಂದರು, ಪ್ರೇಮಾನಂದನೂ ಬಂದ. ನಲವತ್ತರ ಹರೆಯದ, ಬಿಳಿ ಶರ್ಟಿನ ಗಟ್ಟಿ ಆಳು. ಮುಖದಲ್ಲಿ ಸಿಟ್ಟಿರಲಿಲ್ಲ, ಸ್ವಲ್ಪ ಬೇಸರವಿತ್ತು. ವಿನಯಾ ಮೀಟರನ್ನು ಎದೆಯೆತ್ತರಕ್ಕೆ ಹಿಡಿದು ಅಂಗಳದ ಮೂರು ಕಡೆ ನಿಂತಳು. ಪ್ರತಿ ಕಡೆಯೂ ಐದು ನಿಮಿಷ. ಅಂಕಿ ನಲವತ್ತಮೂರರ ಆಸುಪಾಸಿನಲ್ಲೇ ಆಡಿತು.

"ಮನೆಗಳಿರುವ ಜಾಗದಲ್ಲಿ ಹಗಲು ಐವತ್ತೈದರವರೆಗೆ ಇರಬಹುದು ಅಂತ ಕಾನೂನು" ಎಂದಳು. "ಇಲ್ಲಿ ನಲವತ್ತಮೂರು. ನಮ್ಮ ಕಾಲೇಜಿನ ಲೈಬ್ರರಿಗಿಂತ ಇದೇ ನಿಶ್ಶಬ್ದ."

ಅಪ್ಪಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾ ಹೇಳ್ಲಿಲ್ಯಾ? ಊರೆಲ್ಲ ನೆಗಾಡಿದ್ದ್ ಸಾಕಲ್ದಾ?"

ದುಗ್ಗಪ್ಪನಿಗೆ ಮಾತು ಕೇಳಿಸಲಿಲ್ಲ, ಮುಖಗಳು ಕಂಡವು. ಮೀಟರಿನ ಕಡೆ ಬಗ್ಗಿ ಅಂಕಿ ನೋಡಿದ. ಆಮೇಲೆ ವಿನಯಾಳನ್ನು ನೋಡಿದ.

"ಹಾಂಗಾರೆ ನಂಗ್ ತಲೆ ಸಮ ಇಲ್ಯಾ, ಮಗಾ?"

ಹಾಸ್ಯಕ್ಕೆ ಕೇಳಿದ್ದಲ್ಲ ಅದು. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದ. ವಿನಯಾ ಮೀಟರನ್ನು ಚೀಲಕ್ಕೆ ಹಾಕಿದಳು. ಅಪ್ಪಿ ಕೊಟ್ಟ ಮಜ್ಜಿಗೆ ಕುಡಿದು, ವರದಿ ಬರೆದುಕೊಡುತ್ತೇನೆಂದು ಹೇಳಿ ಹೆದ್ದಾರಿಗೆ ಬಂದಳು.

ಕುಂದಾಪುರದ ಬಸ್ಸು ಸಿಕ್ಕಿತು, ಕಿಟಕಿಯ ಸೀಟೂ ಸಿಕ್ಕಿತು. ಮರವಂತೆಯಲ್ಲಿ ಯಾರದೋ ಅಕ್ಕಿ ಮೂಟೆ ಇಳಿಸಲು ಬಸ್ಸು ನಿಂತಿತು. ವಿನಯಾ ಕಿಟಕಿಯ ಗಾಜಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಕೂಡಲೇ ಹಲ್ಲುಗಳೆಲ್ಲ ಗುಂಯ್ ಅಂದವು. ತಲೆ ಎತ್ತಿದಳು: ಹಿಂದಿನ ಸೀಟಿನವರ ಮಾತು, ಕಂಡಕ್ಟರನ ಕೂಗು. ಮತ್ತೆ ತಲೆ ಆನಿಸಿದಳು: ಎಂಜಿನ್ನಿನ ದಪ್ಪ ನಡುಕ, ದವಡೆಯಿಂದ ಎದೆಯವರೆಗೆ. ಅದು ಇಷ್ಟು ಹೊತ್ತೂ ಇತ್ತು. ಕಿವಿ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಚೀಲದಿಂದ ಮೀಟರ್ ತೆಗೆದಳು. ಅದರ ಪಕ್ಕದಲ್ಲಿ ಒಂದು ಪುಟ್ಟ ಗುಂಡಿಯಿತ್ತು. ಎ, ಸಿ ಎಂದು ಎರಡು ಅಕ್ಷರ. ಎರಡು ತಿಂಗಳಲ್ಲಿ ಒಮ್ಮೆಯೂ ಅವಳು ಅದನ್ನು ಎ ಬಿಟ್ಟು ಸರಿಸಿರಲಿಲ್ಲ. ಎ ಅಂದರೆ ಸಾಧಾರಣ ಕಿವಿ ಕೇಳಿದ ಹಾಗೆ ಅಳೆಯುವುದು. ದಪ್ಪ ದನಿಗಳಿಗೆ ನಮ್ಮ ಕಿವಿ ಮಂದವಾದ್ದರಿಂದ ಮೀಟರೂ ಅವನ್ನು ಬಹಳಷ್ಟು ಕಡಿಮೆ ಮಾಡಿ ತೋರಿಸುತ್ತದೆ. ಸಿ ಹಾಗಲ್ಲ, ಹೆಚ್ಚುಕಡಿಮೆ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಪಾಠದಲ್ಲಿ ಇದನ್ನು ತಾನೇ ಹೇಳಿಕೊಟ್ಟಿದ್ದಳು, ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿಯೂ ಇದ್ದಳು. ಈಗ ಗುಂಡಿ ಸರಿಸಿದಳು. ಎಪ್ಪತ್ತು ಇದ್ದದ್ದು ಒಂದೇ ಏಟಿಗೆ ತೊಂಬತ್ತಕ್ಕೆ ಹಾರಿತು.

"ಅಯ್ಯೋ ದೇವ್ರೇ" ಎಂದಳು ಗಟ್ಟಿಯಾಗಿ. ಪಕ್ಕದ ಹೆಂಗಸು ಗಾಬರಿಯಿಂದ ತನ್ನ ಮೀನಿನ ಚೀಲ ಒಳಗೆ ಎಳೆದುಕೊಂಡಳು.

ಮರುದಿನ ಬೆಳಿಗ್ಗೆ ಎರಡು ಪೀರಿಯಡ್ ಬೇರೆಯವರಿಗೆ ಒಪ್ಪಿಸಿ ವಿನಯಾ ಮತ್ತೆ ನಾವುಂದದಲ್ಲಿ ಇಳಿದಳು. ದುಗ್ಗಪ್ಪ ಜಗಲಿಯಲ್ಲಿ ಕೂತಿದ್ದ, ನೋಡಿದರೂ ಏಳಲಿಲ್ಲ. ಅವಳು ಅವನೆದುರು ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು.

"ಅಜ್ಜಯ್ಯ, ನಿನ್ನೆ ತಪ್ಪ್ ನಂದ್. ನಾ ಸಮ ಅಳತೆ ಮಾಡ್ಲಿಲ್ಲ. ನಿಮ್ ತಲೆ ಸಮ ಇತ್ತ್."

ದುಗ್ಗಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ಸರಿದು ಕೂತು ಪಕ್ಕದ ಜಾಗ ತಟ್ಟಿ ತೋರಿಸಿದ.

ಈ ಸಲ ಅವಳು ಅಂಗಳ ಬಿಟ್ಟು ಅವನು ಮಲಗುವ ಕೋಣೆಗೆ ಹೋದಳು. ಕಿಟಕಿ ಬಾಗಿಲು ಮುಚ್ಚಿಸಿದಳು. ಎ ಯಲ್ಲಿ ಮೂವತ್ತೊಂಬತ್ತು. ಸಿ ಗೆ ಸರಿಸಿದಳು: ಎಪ್ಪತ್ತೊಂದು. ಅಪ್ಪಿಗೆ ಏನೂ ಅರ್ಥವಾಗದಿದ್ದರೂ ಗಂಡನ ಮಾತು ನಿಜವಾಯಿತೆಂದು ಗೊತ್ತಾಯಿತು. "ಓ!" ಎಂದಳು.

ವಿನಯಾ ಫೋನ್ ಮಾಡಿದ್ದೇ ರವಿಶಂಕರ್ ಓಡಿಬಂದರು. ಹಿಂದೆಯೇ ಪ್ರೇಮಾನಂದ.

"ಇದೆಂತ ಮೇಡಂ, ನಿನ್ನೆ ಒಂದ್, ಇವತ್ತ್ ಒಂದ್? ಸತ್ಯ ಯಾವ್ದ್?" ರವಿಶಂಕರ್ ಕೇಳಿದರು.

"ಎರಡೂ ಸತ್ಯವೇ ಸರ್. ನಮಗೆಲ್ಲ ಹಕ್ಕಿ, ಗಾಳಿ, ಮಾತು, ಟಿವಿ ಎಲ್ಲ ಕೇಳುತ್ತದೆ. ಅವುಗಳ ಅಡಿಯಲ್ಲಿ ಈ ಗುಂಯ್ ಮುಚ್ಚಿಹೋಗುತ್ತದೆ. ಇವರಿಗೆ ಬಸ್ಸು ಓಡಿಸಿ ಓಡಿಸಿ ತೆಳು ದನಿಗಳೆಲ್ಲ ಹೋಗಿವೆ. ಉಳಿದದ್ದು ದಪ್ಪ ದನಿ ಮಾತ್ರ. ಮುಚ್ಚುವುದಕ್ಕೆ ಮೇಲೆ ಬೇರೆ ಏನೂ ಇಲ್ಲ. ನಮಗೆ ಕೇಳದ್ದು ಇವರಿಗೆ ಕೇಳುತ್ತದೆ." ಆಮೇಲೆ ಪ್ರೇಮಾನಂದನ ಕಡೆ ತಿರುಗಿ, ಮುಚ್ಚಿಡದೆ ಹೇಳಿದಳು: "ಆದರೆ ಕಾನೂನು ನೋಡುವುದು ಎ ಅಳತೆಯನ್ನೇ. ಆ ಲೆಕ್ಕದಲ್ಲಿ ನಿಮ್ಮದು ತಪ್ಪೇನೂ ಇಲ್ಲ. ನಿಮ್ಮ ಮೇಲೆ ಯಾರೂ ಏನೂ ಮಾಡಲಿಕ್ಕಾಗುವುದಿಲ್ಲ."

ಪ್ರೇಮಾನಂದ ಗೋಡೆಗೆ ಕೈಯಿಟ್ಟು ನೋಡಿದ, ಏನೂ ತಿಳಿಯಲಿಲ್ಲವೆಂಬಂತೆ ತೆಗೆದ. ಅಷ್ಟರಲ್ಲಿ ದುಗ್ಗಪ್ಪ ಹೆಗಲಿಗೆ ಬೈರಾಸು ಹಾಕಿಕೊಂಡು ಹೊರಗೆ ಹೊರಟಿದ್ದ.

"ನಂಗೊಂದ್ ಸಲ ಆ ಮಿಷಿನ್ ಕಾಣ್ಕ್" ಎಂದ. "ಬರೀ ಕಾಂಬುದ್, ಬೇರೆಂತ ಇಲ್ಲ."

ಬಂಡೆಯ ಮೇಲೆ ವಿನಯಾ, ರವಿಶಂಕರ್, ಪ್ರೇಮಾನಂದ ಮೂವರೂ ಅವನ ಹಿಂದೆ ನಡೆದರು. ಪ್ಲಾಂಟಿನ ಒಳಗೆ ಅಮೋನಿಯಾದ ಘಾಟು, ಒದ್ದೆ ನೆಲ. ದುಗ್ಗಪ್ಪ ಹಸಿರು ಬಣ್ಣದ ಕಂಪ್ರೆಸರಿನ ಸುತ್ತ ಒಂದು ಸುತ್ತು ಬಂದ. ಬಿಸಿಯಿಲ್ಲದ ಕಡೆ ಅಂಗೈ ಇಟ್ಟ. ಆಮೇಲೆ ನೆಲಕ್ಕೆ ಕೂತು ಮಿಷಿನ್ನಿನ ಕಾಲು ಮುಟ್ಟಿದ, ಅದರಡಿಯ ಕಾಂಕ್ರೀಟು ಮುಟ್ಟಿದ, ಕಾಂಕ್ರೀಟು ಸೇರಿಕೊಂಡಿದ್ದ ಬಂಡೆ ಮುಟ್ಟಿದ. ಮೂವತ್ತೆಂಟು ವರ್ಷ ಗೇರು ಹಿಡಿದ ಕೈ. ಮೂರು ಕಡೆಯೂ ಅದಕ್ಕೆ ಒಂದೇ ನಡುಕ ಸಿಕ್ಕಿತು.

"ಹ್ವಾಯ್ ಪ್ರೇಮಾನಂದ, ಇದ್ಕೆ ಮೌಂಟಿಂಗ್ ಎಲ್ಲಿತ್ತ್?"

"ಮೌಂಟಿಂಗ್ ಎಂತಕ್ ದುಗ್ಗಪ್ಪಣ್ಣ? ಬೋಲ್ಟ್ ಹಾಕಿ ಟೈಟ್ ಮಾಡಿದ್ದ್. ಅಲ್ಲಾಡ್ತಿಲ್ಲ." ಪ್ರೇಮಾನಂದ ಅವನ ಕಿವಿಯಲ್ಲಿ ಕೂಗಿದ.

"ಮಿಷಿನ್ ಅಲ್ಲಾಡ್ತಿಲ್ಲ, ಪಾದೆ ಅಲ್ಲಾಡ್ತ್! ಎಂಜಿನ್ ಕೆಳ್ಗೆ ರಬ್ಬರ್ ಇಲ್ದೆ ಚಾಸಿಗೇ ಬೋಲ್ಟ್ ಹೊಡದ್ರೆ ಪ್ಯಾಸೆಂಜರ್ ಹಲ್ಲ್ ಉದುರ್ತ್ ಮಾರಾಯಾ. ನೀ ಐಸ್ ಮಾಡ್ತಿದ್ದೆ, ನಾನ್ ಪ್ಯಾಸೆಂಜರ್."

ಪ್ರೇಮಾನಂದ ಕೈಗಡಿಯಾರ ನೋಡಿಕೊಂಡ. ಬೆಳಗಿನ ಲೋಡು ಹೋಗಿಯಾಗಿತ್ತು. "ಹತ್ತ್ ನಿಮಿಷ ಬಂದ್ ಮಾಡ್ರೆ ಎಂತ ಆತಿಲ್ಲ" ಎಂದು ತನಗೆ ತಾನೇ ಹೇಳಿಕೊಂಡವನಂತೆ ಹೋಗಿ ಸ್ವಿಚ್ಚು ಇಳಿಸಿದ.

ಮಿಷಿನ್ನು ಕೆಮ್ಮಿ ನಿಂತಿತು.

ವಿನಯಾ ಆ ಕ್ಷಣಕ್ಕೆ ಕಾದಿದ್ದಳು, ಆದರೂ ಅದು ಬಂದಾಗ ಬೆಚ್ಚಿದಳು. ತಲೆಯ ಮೇಲಿನಿಂದ ಯಾರೋ ತುಂಬಿದ ಬುಟ್ಟಿ ಇಳಿಸಿದ ಹಾಗೆ. ಕಡಲು ಹತ್ತಿರ ಬಂತು, ಒಂದೊಂದು ಅಲೆಯೂ ಬೇರೆ ಬೇರೆಯಾಗಿ ಕೇಳಿತು. ರವಿಶಂಕರ್ ಬಾಯಿ ಸ್ವಲ್ಪ ತೆರೆದು ಮೇಲಿನ ಸೂರು ನೋಡುತ್ತ ನಿಂತರು. ಪ್ರೇಮಾನಂದ ತನ್ನ ಭುಜ ಮುಟ್ಟಿಕೊಂಡ. ಅದು ತಾನಾಗಿ ಕೆಳಗಿಳಿದಿತ್ತು.

ಹೊರಗಡೆ ಬಾಗಿಲುಗಳು ತೆರೆದವು. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದರು. ಮನೆಯಲ್ಲೇ ಉಳಿದಿದ್ದ ಅಪ್ಪಿ ಕೈಯಲ್ಲಿ ಸೌಟು ಹಿಡಿದೇ ಬಂಡೆ ದಾಟಿ ಬಂದಳು.

"ಎಂತ ಆಯ್ತ್? ಕರೆಂಟ್ ಹೋಯ್ತಾ?"

"ಇಲ್ಲೆ, ಮಿಷಿನ್ ಬಂದ್ ಮಾಡಿದ್ದ್" ಎಂದಳು ವಿನಯಾ.

ಅಪ್ಪಿ ಹಣೆಗೆ ಕೈಯಿಟ್ಟುಕೊಂಡಳು, ತೆಗೆದಳು, ಮತ್ತೆ ಇಟ್ಟುಕೊಂಡಳು. ನಾಲ್ಕು ತಿಂಗಳಿಂದ ಅವಳಿಗೆ ತಲೆ ಭಾರ. ಕುಂದಾಪುರದಲ್ಲಿ ಹೊಸ ಕನ್ನಡಕ ಮಾಡಿಸಿಕೊಂಡಿದ್ದಳು, ಅದು ಸರಿಯಿಲ್ಲವೆಂದು ಅಂಗಡಿಯವನ ಜೊತೆ ಜಗಳವಾಡಿಯೂ ಬಂದಿದ್ದಳು. ಅವಳು ಗಂಡನನ್ನು ನೋಡಿದಳು. ನೆಲದ ಮೇಲೆ ಕೂತಿದ್ದ ದುಗ್ಗಪ್ಪ ಕಣ್ಣು ಮುಚ್ಚಿ ನಗುತ್ತಿದ್ದ.

"ಬಂದ" ಎಂದ ಅವನು. "ಚಾ ಕುಡ್ದ್ ಬಂದ, ಬೋಳಿಮಗ."

ಹತ್ತು ನಿಮಿಷ ಕಳೆದು ಪ್ರೇಮಾನಂದ ಮತ್ತೆ ಸ್ವಿಚ್ಚು ಹಾಕಿದಾಗ ಕೇರಿಗೆ ಕೇರಿಯೇ ಮುಖ ಸಿಂಡರಿಸಿತು. ನಿನ್ನೆಯವರೆಗೆ ಇಲ್ಲದಿದ್ದ ಸದ್ದು ಈಗ ಎಲ್ಲರಿಗೂ ಕೇಳುತ್ತಿತ್ತು. ಪ್ರೇಮಾನಂದನಿಗೂ. "ಇನ್ ಮಾಡ್ದೆ ಇಪ್ಪುಕ್ ಆತಿಲ್ಲ" ಎಂದು ನಿಟ್ಟುಸಿರುಬಿಟ್ಟು ಆ ಕೂಡಲೇ ಮೆಕ್ಯಾನಿಕ್ಕಿಗೆ ಫೋನ್ ಮಾಡಿದ.

ಕೆಲಸಕ್ಕೆ ಹದಿನೈದು ದಿನ ಹಿಡಿಯಿತು. ಮೆಕ್ಯಾನಿಕ್ಕು ತಂದ ರಬ್ಬರನ್ನು ದುಗ್ಗಪ್ಪ ಉಗುರಿನಿಂದ ಒತ್ತಿ ನೋಡಿ ಆಗದೆಂದ. ತಾನೇ ಬಸ್ಸು ಹತ್ತಿ ಕುಂದಾಪುರಕ್ಕೆ ಹೋಗಿ, ಹಳೆಯ ಗುರುತಿನ ಗ್ಯಾರೇಜಿನಲ್ಲಿ ಹುಡುಕಿಸಿ, ದಪ್ಪನೆಯ ಬೇರೆ ಪ್ಯಾಡುಗಳನ್ನು ತಂದ. ಕಾಂಕ್ರೀಟನ್ನು ಬಂಡೆಯಿಂದ ಬಿಡಿಸಿ ಸುತ್ತ ಸಂದು ಕೊರೆದರು. ದುಗ್ಗಪ್ಪ ಮುರಿದ ಪ್ಲಾಸ್ಟಿಕ್ ಕುರ್ಚಿಯೊಂದರಲ್ಲಿ ಕೂತು ದಿನವಿಡೀ ಮೇಸ್ತ್ರಿಕೆ ಮಾಡಿದ. ಅವನನ್ನು ನೋಡಿ ನಕ್ಕವರೇ ಈಗ ನಿಂತು, "ಕೆಲ್ಸ ಎಲ್ಲಿಗ್ ಬಂತ್ ದುಗ್ಗಪ್ಪಣ್ಣ?" ಎಂದು ಬೆರಳಿನ ಸನ್ನೆಯಲ್ಲಿ ಕೇಳಿ ಹೋಗುತ್ತಿದ್ದರು.

ಕೊನೆಗೆ ವಿನಯಾ ಅದೇ ಕೋಣೆಯಲ್ಲಿ ಅಳೆದಾಗ ಸಿ ಐವತ್ತೊಂದಕ್ಕೆ ಇಳಿದಿತ್ತು. ದುಗ್ಗಪ್ಪ ಅಂಕಿ ನೋಡಲಿಲ್ಲ. ಗೋಡೆಗೆ ಅಂಗೈ ಇಟ್ಟು ತಲೆಯಾಡಿಸಿದ. ವಿನಯಾ ಅವನ ಕಿವಿಯನ್ನೂ ಒಮ್ಮೆ ಆಸ್ಪತ್ರೆಯಲ್ಲಿ ತೋರಿಸೋಣ, ಕಿವಿಯ ಮಿಷಿನ್ ಸಿಗುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಿದಳು. ಅವನು ಓದಿ ಅಪ್ಪಿಯ ಕಡೆ ಕಣ್ಣು ಹೊರಳಿಸಿದ.

"ಕಾಂಬ, ಕಾಂಬ. ಮಳ್ಗಾಲ ಕಳೀಲಿ" ಎಂದ.

ಅಪ್ಪಿ ಆ ದಿನ ಊಟ ಮಾಡದೆ ಕಳಿಸಲಿಲ್ಲ. ಬಂಗಡೆ ಗಸಿಯ ಜೊತೆ ಎರಡು ಸಲ ಅನ್ನ ಬಡಿಸಿದಳು. ವಿನಯಾ ಕೈತೊಳೆಯುತ್ತಿರುವಾಗ ರವಿಶಂಕರ್ ಬಂದರು, ಕೈಯಲ್ಲಿ ಕಾಗದದ ಕಟ್ಟು.

"ಮೇಡಂ, ನಿಮ್ಮಿಂದಾಗಿ ನಂಗ್ ಗ್ರಾಚಾರ" ಎಂದು ಜಗಲಿಯಲ್ಲಿ ಕೂತರು. "ಹನ್ನೊಂದ್ ಅರ್ಜಿ ಬಂತ್. ಒಬ್ರಿಗೆ ಐಸ್ ಕ್ಯಾಂಡಿ ಗಾಡಿ ಪೀಪಿ. ಒಬ್ರಿಗೆ ತ್ವಾಟದಗಿಪ್ಪ ನವಿಲ್. ಇನ್ನೊಬ್ರ್, ತಂಗಿ ಮನೆ ಗೇಟ್ ಕಿರ್ ಅಂತ್, ತನ್ನ್ ಹೊಟ್ಟೆ ಉರ್ಸುಕೇ ಅವ್ಳ್ ಎಣ್ಣೆ ಹಾಕ್ತಿಲ್ಲ ಅಂದ್ ಬರದಿರ್. ಎಲ್ಲರೂ ಕಡೀಗೆ ಒಂದೇ ಬರದ್ದ್: 'ಸಿ ಯಲ್ಲಿ ಅಳೆಯತಕ್ಕದ್ದು.'"

ವಿನಯಾ ಕಟ್ಟನ್ನು ತೆಗೆದುಕೊಂಡು ಒಂದೊಂದನ್ನೇ ಓದಿದಳು. ಈ ಸಲ ನಗು ತಡೆಯಲಿಲ್ಲ, ಆದರೆ ಯಾವುದನ್ನೂ ಪಕ್ಕಕ್ಕೆ ಸರಿಸಲೂ ಇಲ್ಲ. ಗೇಟಿನ ಅರ್ಜಿಯನ್ನು ಮೇಲಿಟ್ಟು, ಆ ಮನೆ ಎಲ್ಲಿ ಬರುತ್ತದೆ, ನಡೆದುಹೋಗುವಷ್ಟು ಹತ್ತಿರವೇ ಎಂದು ಕೇಳಿದಳು.