ಇಪ್ಪತ್ತಾರನೆಯ ಮಾತು

ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕಚೇರಿ. ಕಂಪ್ಯೂಟರ್ ಗೇಮ್‌ಗಳನ್ನು ಪ್ರಕಟಿಸುವ ಕಂಪನಿ ಅಂದರೆ ಕೇಳಿದವರು ಕಣ್ಣರಳಿಸುತ್ತಾರೆ. ಹತ್ತಿ ಬಂದು ನೋಡಿದರೆ ಏಳು ಕುರ್ಚಿ, ಅದರಲ್ಲೊಂದಕ್ಕೆ ಗಾಲಿ ಇಲ್ಲ. ಅಲ್ಲಿ ಕೆಲಸ ಮಾಡುವ ಒಬ್ಬಾಕೆಗೆ ಯಜಮಾನ ಒಡಹುಟ್ಟಿದ ಅಣ್ಣ. ಅವನಿಗೆ ಆಕೆ ತಂಗಿ, ಉಳಿದವರಿಗೆಲ್ಲ ಅಕ್ಕ. ಕಚೇರಿಯ ಹುಡುಗರು ಹಾಗೆ ಕರೆಯಲು ಶುರುಮಾಡಿದ್ದು, ಆಟಗಾರರಿಗೂ ಅಂಟಿಕೊಂಡು, ಕಡೆಗೆ ಆಕೆಯ ನಿಜವಾದ ಹೆಸರು ಬ್ಯಾಂಕಿನ ಪುಸ್ತಕಕ್ಕೆ ಮಾತ್ರ ಉಳಿಯಿತು.

ಆಟಗಾರರ ಜೊತೆ ಮಾತಾಡುವುದು ಅಕ್ಕನ ಕೆಲಸ. ಇಂಟರ್‌ನೆಟ್ಟಿನಲ್ಲಿ ಅವರಿಗೊಂದು ಚರ್ಚೆಯ ಪುಟವಿತ್ತು. ಅಲ್ಲಿ ಬೈದವರಿಗೆ, ಹೊಗಳಿದವರಿಗೆ, ಸುಮ್ಮನೆ ಹೊತ್ತು ಹೋಗದೆ ಬಂದವರಿಗೆ, ಎಲ್ಲರಿಗೂ ಆಕೆ ಉತ್ತರ ಬರೆಯುತ್ತಿದ್ದಳು. ಮಗಳ ಶಾಲೆಯ ಗೇಟಿನ ಮುಂದೆ ನಿಂತು ಬರೆಯುತ್ತಿದ್ದಳು, ಹಾಲು ಉಕ್ಕುತ್ತಿದ್ದರೂ ಬರೆಯುತ್ತಿದ್ದಳು. ಆ ಪುಟದ ನೆತ್ತಿಯ ಮೇಲೆ ಆಕೆಯೇ ಮಾಡಿಕೊಂಡ ಪದ್ಧತಿಯೊಂದಿತ್ತು. ಅದರ ಹೆಸರು ಮಾತಿನ ಪಟ್ಟಿ. ಆಟಗಾರರಿಗೆ ಏನಾದರೂ ಮಾಡಿಕೊಡುತ್ತೇವೆ ಅಂದರೆ ಅದನ್ನು ಸಂಖ್ಯೆ ಹಾಕಿ ಅಲ್ಲಿ ಬರೆಯುವುದು, ಮಾಡಿಕೊಟ್ಟ ದಿನ ಅದರ ಮೇಲೆ ಗೀಟು ಎಳೆಯುವುದು. 'ಅಕ್ಷರ ದೊಡ್ಡದು ಮಾಡುತ್ತೇವೆ', ಗೀಟು. 'ಎಡಗೈಯವರಿಗೂ ಆಡಲು ಬರುವಂತೆ ಮಾಡುತ್ತೇವೆ', ಗೀಟು. ನಾಲ್ಕು ವರ್ಷದಲ್ಲಿ ಇಪ್ಪತ್ತೈದು ಮಾತು, ಇಪ್ಪತ್ತೈದು ಗೀಟು.

"ನೀವು ಆಡಿದ ಮಾತಿಗೆ ನಾವು ನಿದ್ದೆಗೆಡಬೇಕು," ಅಂತ ಗೇಮ್ ಮಾಡಿದ ಮೌನಿ ಗೊಣಗುತ್ತಿದ್ದ. ಮೌನಿ ಅನ್ನುವುದು ಅಡ್ಡಹೆಸರು. ಬಾಯಿ ತೆರೆದರೆ ಮುಚ್ಚಿಸುವುದು ಕಷ್ಟವಾಗಿದ್ದರಿಂದ ಹಾಗೆ ಕರೆಯುತ್ತಿದ್ದರು.

ಗೇಮ್ ಇದ್ದದ್ದು ಒಂದು ಹಳೆಯ ಹೋಟೆಲಿನ ಲಿಫ್ಟ್ ನಡೆಸುವವನ ಬಗ್ಗೆ. ಹನ್ನೆರಡು ಮಹಡಿ. ಹತ್ತುವವರು ಇಳಿಯುವವರು ಮಾತಾಡಿಕೊಳ್ಳುತ್ತಾರೆ, ನೀವು ಕೇಳಿಸಿಕೊಳ್ಳಬೇಕು, ಯಾರನ್ನು ಯಾವ ಮಹಡಿಗೆ ಬಿಡಬೇಕು ಅಂತ ತೀರ್ಮಾನ ಮಾಡಬೇಕು. ಅಷ್ಟೇ. ಗುಂಡು ಹಾರಿಸುವುದಿಲ್ಲ, ಕಾರು ಓಡಿಸುವುದಿಲ್ಲ. ಆದರೂ ಪುಕ್ಕಟೆ ಬಿಟ್ಟಿದ್ದ ಮಾದರಿ ತುಣುಕು ಆಡಿದವರು ಪೂರ್ತಿ ಗೇಮಿಗೆ ಕಾಯುತ್ತಿದ್ದರು. ಎಲ್ಲರೂ ಗೇಮ್ ಕೊಳ್ಳುವ ದೊಡ್ಡ ಆನ್‌ಲೈನ್ ಅಂಗಡಿಯೊಂದಿದೆ. ಅಲ್ಲಿ 'ಬಂದ ದಿನ ತಿಳಿಸಿ' ಅಂತ ಹೆಸರು ಬರೆಸಿ ಕಾಯುವ ಪಟ್ಟಿಯಲ್ಲಿ ಒಂದು ಲಕ್ಷದ ಮೂವತ್ತು ಸಾವಿರ ಜನರಿದ್ದರು.

ಅವರಲ್ಲೊಬ್ಬರು ಹಳೇ ಛತ್ರಿ. ಚರ್ಚೆಯ ಪುಟದಲ್ಲಿ ಅವರು ಇಟ್ಟುಕೊಂಡ ಹೆಸರದು. ದೂರದ ಯಾವುದೋ ಸಣ್ಣ ದೇಶದವರು, ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಮೊದಲ ಸಲ ಬಂದಾಗಲೇ ಬರೆದಿದ್ದರು: "ನಾನು ನಿಮ್ಮಪ್ಪನ ವಯಸ್ಸಿನವನು. ಎಲ್ಲರೂ ಅಕ್ಕ ಅಂತಾರೆ, ನಾನೂ ಅಂತೀನಿ. ಅಕ್ಕ, ನಿಮ್ಮ ಲಿಫ್ಟ್ ಸುಳ್ಳು ಹೇಳ್ತಿದೆ. ಭಾರ ಜಾಸ್ತಿಯಾದಾಗ ನೆಲಕ್ಕಿಂತ ಎರಡು ಬೆರಳು ಕೆಳಗೆ ನಿಲ್ಲಬೇಕು. ಜನ ಎಡವಬೇಕು." ಆ ಎರಡು ಬೆರಳೇ ಗೇಮಿನಲ್ಲಿ ಎಲ್ಲರಿಗೂ ಇಷ್ಟವಾದ ಸಂಗತಿಯಾಯಿತು. ಆಮೇಲೆ ಅವರೇ ಕೂತು, ಒಂದು ಬಿಡಿಗಾಸೂ ತೆಗೆದುಕೊಳ್ಳದೆ, ಹನ್ನೊಂದು ಸಾವಿರ ಸಾಲುಗಳನ್ನು ತಮ್ಮ ಭಾಷೆಗೆ ತಂದರು. ಕಣ್ಣು ಸೋತ ಹೆಂಡತಿಗೆ ಗೇಮಿನ ಮಾತನ್ನು ತಮ್ಮ ಭಾಷೆಯಲ್ಲೇ ಓದಿ ಹೇಳಬೇಕು ಅಂತ.

ಇಪ್ಪತ್ತಾರನೆಯ ಮಾತು ಪಟ್ಟಿಗೆ ಸೇರಿದ್ದು ಬಿಡುಗಡೆಗೆ ನಾಲ್ಕು ತಿಂಗಳಿರುವಾಗ. ಆಗ ಹೊಸ ಅಂಗಡಿಯೊಂದು ಗೇಮ್‌ಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗುತ್ತಿತ್ತು. ಕೈತುಂಬ ದುಡ್ಡು ಕೊಟ್ಟು, ಒಂದು ವರ್ಷ ನಮ್ಮಲ್ಲಿ ಮಾತ್ರ ಮಾರಿ ಅನ್ನುತ್ತಿತ್ತು. ಇದೂ ಅಲ್ಲಿಗೇ ಹೋಗುತ್ತೆ ಬಿಡಿ ಅಂತ ಆಟಗಾರರಲ್ಲಿ ಗಾಳಿಮಾತು ಎದ್ದಿತ್ತು. ಕಾಯುವ ಪಟ್ಟಿ ನಿಂತಲ್ಲೇ ನಿಂತಿತ್ತು.

ಅಣ್ಣ ಆಕೆಯ ಮೇಜಿನ ಹತ್ತಿರ ಬಂದು ಕೂತ. "ಒಂದು ಮಾತು ಬರೆದುಬಿಡೇ. ಮೊದಲ ದಿನವೇ ದೊಡ್ಡ ಅಂಗಡಿಯಲ್ಲೇ ಸಿಗುತ್ತೆ ಅಂತ."

"ಗ್ಯಾರಂಟೀನಾ ಅಣ್ಣ? ನನ್ನ ಪಟ್ಟಿ ನೋಡು, ಒಂದೂ ತಪ್ಪಿಲ್ಲ."

"ನನ್ನ ಮೇಲೆ ನಂಬಿಕೆ ಇಲ್ವಾ ನಿಂಗೆ?"

ಚಿಕ್ಕವಳಿದ್ದಾಗ ಆಕೆಯ ಸೈಕಲ್ ಹಿಂದಿನಿಂದ ಹಿಡಿದುಕೊಂಡು ಓಡಿಬಂದವನು ಕೇಳುವ ಪ್ರಶ್ನೆ ಅದು. ಆಕೆ ಬರೆದಳು. ಮೂರೇ ವಾರದಲ್ಲಿ ಕಾಯುವವರು ಎರಡು ಲಕ್ಷ ದಾಟಿದರು. ಅಕ್ಕ ಬರೆದಿದ್ದಾಳೆ ಅಂದಮೇಲೆ ಮುಗೀತು ಅಂತ ಜನ ಗೆಳೆಯರನ್ನೂ ಕರೆತಂದರು.

ಬಿಡುಗಡೆಗೆ ಮೂರು ವಾರ ಉಳಿದಿದ್ದ ಒಂದು ಬೆಳಿಗ್ಗೆ ಅಣ್ಣ ಆಕೆಯನ್ನು ಒಳಕೋಣೆಗೆ ಕರೆದ. ಪರದೆಯ ಮೇಲೆ ಒಬ್ಬ ಹೆಂಗಸು ನಗುತ್ತಿದ್ದಳು. ಹೊಸ ಅಂಗಡಿಯವಳು.

"ಓ, ಅಕ್ಕ ಅಂದರೆ ಇವರೇನಾ! ನಮ್ಮ ಆಫೀಸಿನಲ್ಲಿ ನಿಮ್ಮದೇ ಮಾತು ಮೇಡಂ. ಘೋಷಣೆ ನೀವೇ ಬರೆದರೆ ಜನ ಕಡಿಮೆ ಕೂಗಾಡ್ತಾರೆ."

"ಯಾವ ಘೋಷಣೆ?" ಅಂದಳು ಅಕ್ಕ.

ಅಣ್ಣ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. ಹೆಂಗಸು ಅದನ್ನು ಗಮನಿಸಲಿಲ್ಲ. "ಒಂದು ವರ್ಷ ನಮ್ಮಲ್ಲಿ ಮಾತ್ರ ಅನ್ನೋದು. ಸಹಿಯಾಗಿ ಐದು ತಿಂಗಳಾಯ್ತಲ್ಲ, ಬಾಯಿ ಕಟ್ಟಿಕೊಂಡು ಕೂತು ನಮಗೂ ಸಾಕಾಗಿದೆ. ಆ ಎರಡು ಲಕ್ಷದ ಮೆಟ್ಟಿಲು ಮಾತ್ರ ನೀವು ದಾಟಲ್ಲ ಅಂತ ನಾನು ಬಾಜಿ ಕಟ್ಟಿದ್ದೆ, ಸೋತೆ! ಒಳ್ಳೇ ಕೆಲಸ ಮೇಡಂ."

ಅಕ್ಕ ಮನಸ್ಸಿನಲ್ಲೇ ತಿಂಗಳು ಹಿಂದಕ್ಕೆ ಎಣಿಸಿದಳು. ಪಟ್ಟಿಗೆ ಮಾತು ಸೇರಿಸಿ ಮೂರು ತಿಂಗಳು ಚಿಲ್ಲರೆ ದಿನ. ಸಹಿಯಾಗಿ ಐದು. ಆ ಹೆಂಗಸು ಮುಂದೆ ಏನು ಹೇಳಿದಳೋ ಕೇಳಿಸಲಿಲ್ಲ.

ಪರದೆ ಆರಿದ ಮೇಲೆ ಆಕೆ ಕೇಳಿದಳು. "ಎರಡು ಲಕ್ಷದ ಮೆಟ್ಟಿಲು ಅಂದ್ರೇನು?"

"ಕೂತ್ಕೋ ಮೊದಲು."

"ನಿಂತೇ ಕೇಳ್ತೀನಿ."

ಅಣ್ಣ ಉಸಿರು ಬಿಟ್ಟ. "ಒಪ್ಪಂದದಲ್ಲಿತ್ತು. ದೊಡ್ಡ ಅಂಗಡಿಯಲ್ಲಿ ಕಾಯೋರು ಎರಡು ಲಕ್ಷ ದಾಟಿದ್ರೆ ನಮಗೆ ಕೊಡೋ ಮೊತ್ತ ಒಂದು ಮೆಟ್ಟಿಲು ಮೇಲೆ. ಅವರಿಗೆ ಬೇಕಾಗಿರೋದು ಗೇಮ್ ಅಲ್ಲ ಕಣೇ, ಜನ. ಜನ ತಾವಾಗೇ ಹಳೇ ಅಂಗಡಿ ಬಿಟ್ಟು ಬರಲ್ಲ. ಅದಕ್ಕೆ ಜನ ಕಾಯ್ತಿರೋ ಗೇಮ್ ನೋಡಿ ದುಡ್ಡು ಸುರೀತಾರೆ."

"ಅಂದ್ರೆ ನಾನು ಗಾಳಕ್ಕೆ ಸಿಕ್ಕಿಸಿದ ಹುಳ."

"ಹಾಗಲ್ಲ..."

"ಮತ್ತೆ ಹೇಗೆ?"

ಅಣ್ಣನಿಗೆ ಸಿಟ್ಟು ಬಂತು. ತಪ್ಪು ಮಾಡಿದವನಿಗೆ ಬರುವ ಸಿಟ್ಟು, ಆದರೆ ಅದರಲ್ಲಿ ನಿಜವೂ ಬೆರೆತಿತ್ತು. "ಹಿಂದಿನ ಗೇಮ್ ಮರೆತುಹೋಯ್ತಾ? ಐದು ವರ್ಷದ ದುಡಿಮೆ. ಬಿಡುಗಡೆ ದಿನ ಅದೇ ದೊಡ್ಡ ಅಂಗಡಿಯಲ್ಲಿ ಇನ್ನೂ ಅರವತ್ತು ಗೇಮ್ ಬಂದ್ವು. ನಮ್ಮದು ಸಮುದ್ರದಲ್ಲಿ ಉಪ್ಪು ಹಾಕಿದ ಹಾಗಾಯ್ತು. ಆಡಿದವರೆಲ್ಲ ಹೊಗಳಿದ್ರು, ಆಡಿದವರು ನಾನೂರು ಜನ! ಏಳು ತಿಂಗಳು ಯಾರಿಗೂ ಸಂಬಳ ಕೊಡಲಾಗದೆ ನಾನು ಮೆಟ್ಟಿಲು ಹತ್ತೋಕೆ ನಾಚಿಕೊಳ್ತಿದ್ದೆ. ಇವರು ಮಾರಾಟವಾಗಲಿ ಬಿಡಲಿ ಇಷ್ಟು ಖಂಡಿತ ಅಂತ ಮುಂಗಡವಾಗಿ ಕೊಡ್ತಾರೆ. ಮಾರಿದ್ದರಲ್ಲಿ ಅಂಗಡಿ ತಿನ್ನೋ ಪಾಲೂ ದೊಡ್ಡ ಅಂಗಡಿಯದರ ಅರ್ಧಕ್ಕಿಂತ ಕಡಿಮೆ. ಪ್ರಕಾಶಕ ಅನ್ನೋನು ಜೂಜು ಆಡೋನು. ಎಂದಾದರೂ ಒಂದಿನ ಯಾರೋ ಬಂದು, ಜೂಜು ಬೇಡ, ಗೆದ್ದರೆ ಸಿಗೋವಷ್ಟು ಈಗಲೇ ಕೊಡ್ತೀನಿ ಅಂದ್ರೆ ಒಲ್ಲೆ ಅಂತಾನಾ? ಹೇಳು."

"ನಾನೂ ಒಲ್ಲೆ ಅಂತಿರಲಿಲ್ಲ," ಅಂದಳು ಅಕ್ಕ. "ಬಂದು ಹೇಳಿದ್ದಿದ್ರೆ ನಾನೇ ಬರೀತಿದ್ದೆ. ಅನ್ನದ ಪ್ರಶ್ನೆ, ಒಂದು ವರ್ಷ ತಾಳಿ ಅಂತ. ಅರ್ಧ ಜನ ಬೈದು ಅರ್ಧ ಜನ ತಾಳ್ತಿದ್ರು. ಸಹಿ ಹಾಕಿದ್ದಕ್ಕಲ್ಲ ನನ್ನ ಹೊಟ್ಟೆ ಉರೀತಿರೋದು. ಸಹಿ ಹಾಕಿದ ಕೈಯಲ್ಲೇ ಬಂದು ನನ್ನ ಹತ್ರ ಮಾತು ಬರೆಸಿದೆಯಲ್ಲ."

"ನಾನು ಗ್ಯಾರಂಟಿ ಅಂದಿರಲಿಲ್ಲ. ನೆನಪು ಮಾಡ್ಕೋ."

ಆಕೆ ನೆನಪು ಮಾಡಿಕೊಂಡಳು. ಹೌದು, ಅಂದಿರಲಿಲ್ಲ. ಆ ದಿನ ಅಷ್ಟು ಹುಷಾರಾಗಿ ಪದ ಆರಿಸಿಕೊಂಡು ಬಂದಿದ್ದ. ಅದೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಬಾಯಿ ತಪ್ಪಿ ಆಡಿದ ಸುಳ್ಳಾಗಿದ್ದರೆ ಮೂರು ದಿನ ಮುನಿಸಿಕೊಂಡು ಮರೆಯಬಹುದಿತ್ತು.

ಹೊರಗೆ ಮೌನಿ ಕುರ್ಚಿಯ ಗಾಲಿಗೆ ಸುತ್ತಿಕೊಂಡ ದಾರ ಬಿಡಿಸುತ್ತಿದ್ದ. "ನಿಂಗೂ ಗೊತ್ತಿತ್ತಾ?" ಅಂದಳು.

"ಒಪ್ಪಂದ ಗೊತ್ತಿತ್ತು ಅಕ್ಕ. ಸುಳ್ಳು ಹೇಳಲ್ಲ, ಆ ರಾತ್ರಿ ಎರಡು ವರ್ಷದಲ್ಲಿ ಮೊದಲ ಸಲ ನೆಮ್ಮದಿಯಾಗಿ ಮಲಗಿದೆ. ಪಟ್ಟಿಗೆ ಬರೆದದ್ದು ನೋಡಿದಾಗ ನಿಮಗೂ ಗೊತ್ತಿದ್ದೇ ಬರೆದಿದ್ದೀರಿ, ಏನೋ ವ್ಯಾಪಾರದ ಲೆಕ್ಕ ಅಂದ್ಕೊಂಡೆ."

"ನಾನಾ? ಗೊತ್ತಿದ್ದು ಬರೀತೀನಾ?"

ಮೌನಿ ಜೀವನದಲ್ಲಿ ಮೊದಲ ಬಾರಿಗೆ ಹೆಸರಿಗೆ ತಕ್ಕಂತೆ ನಡೆದುಕೊಂಡ.

ಘೋಷಣೆಯನ್ನು ಅಕ್ಕ ಬರೆಯಲಿಲ್ಲ. ಅಣ್ಣನೇ ಬರೆದು, ಕಂಪನಿಯ ಹೆಸರಿನಲ್ಲಿ ಹಾಕಿದ. 'ಆಟಗಾರರಿಗೆ ಇನ್ನೂ ಒಳ್ಳೆಯ ಅನುಭವ ಕೊಡುವ ಸಲುವಾಗಿ' ಅಂತ ಶುರುವಾಗುತ್ತಿತ್ತು. ಎರಡು ಲಕ್ಷ ಜನರ ಕಿವಿಯ ಮೇಲೆ ಒಂದೇ ಏಟಿಗೆ ಹೂವು. ಅರ್ಧ ಗಂಟೆಯಲ್ಲಿ ಪುಟ ಹತ್ತಿ ಉರಿಯತೊಡಗಿತು. ಕಂಪನಿಯನ್ನು ಬೈದವರು ಕಡಿಮೆ. ಕಂಪನಿ ಯಾರಿಗೂ ಮಾತು ಕೊಟ್ಟಿರಲಿಲ್ಲ. ಕೊಟ್ಟವಳು ಅಕ್ಕ.

'ಅಕ್ಕ ಅಂತೆ ಅಕ್ಕ. ನಮ್ಮ ಸ್ವಂತ ಅಕ್ಕನೂ ಇಷ್ಟು ನೀಟಾಗಿ ಟೋಪಿ ಹಾಕಿರಲಿಲ್ಲ.' 'ಇಪ್ಪತ್ತೈದು ಸಲ ಬೆಲ್ಲ ತಿನ್ನಿಸಿದ್ದು ಇದಕ್ಕೇನಾ?' 'ಗೀಟು ಎಳೀರಿ ತಾಯಿ, ಇಪ್ಪತ್ತಾರಕ್ಕೂ ಗೀಟು ಎಳೀರಿ, ನಮ್ಮ ಕತ್ತಿನ ಮೇಲೆ.'

ಆಕೆ ಒಂದೊಂದನ್ನೂ ಓದಿದಳು. ಅಭ್ಯಾಸಬಲ, ಬೆರಳು ಉತ್ತರ ಬರೆಯಲು ಹೋಗಿ ನಿಲ್ಲುತ್ತಿತ್ತು. ಹಿಂದೆ ಅಣ್ಣ ನಿಂತಿದ್ದ. "ಏನೂ ಬರೀಬೇಡ. ನಾಲ್ಕು ದಿನ ಕೂಗಿ ಸುಮ್ಮನಾಗ್ತಾರೆ. ಒಪ್ಪಂದದಲ್ಲಿ ಬಾಯಿ ಬಿಡಬಾರದು ಅಂತಾನೂ ಇದೆ. ಸಹಿ ಹಾಕಿದ ದಿನಾಂಕ ಗಿನಾಂಕ ಆಚೆ ಬಂದ್ರೆ ದುಡ್ಡು ಹಿಡೀತಾರೆ. ಏಳು ಜನರ ಹೊಟ್ಟೆ ನೆನಪಿರಲಿ."

ಅದೂ ನಿಜವೇ. ಆ ಏಳರಲ್ಲಿ ಆಕೆಯದೂ ಒಂದು, ಆಕೆಯ ಬೆನ್ನಿಗೆ ಮಗಳದು ಇನ್ನೊಂದು.

ಮಧ್ಯಾಹ್ನದ ಹೊತ್ತಿಗೆ ಹಳೇ ಛತ್ರಿ ಬಂದರು. ಬೈಯಲಿಲ್ಲ.

'ಅಕ್ಕ, ಆ ಹೊಸ ಅಂಗಡಿ ನಮ್ಮ ದೇಶದಲ್ಲಿ ಬಾಗಿಲೇ ತೆರೆದಿಲ್ಲ. ಇಲ್ಲಿನ ಕಾರ್ಡೂ ತಗೊಳ್ಳಲ್ಲ. ಹೆಂಡತಿಗೆ ಇನ್ನೂ ಹೇಳಿಲ್ಲ. ವರ್ಷ ಅಂದ್ರೆ ನಮ್ಮ ವಯಸ್ಸಿನಲ್ಲಿ ಉದ್ದ. ಇರಲಿ. ಒಂದೇ ಪ್ರಶ್ನೆ. ಮಾತು ಕೊಟ್ಟ ದಿನ ನಿಮಗೆ ಗೊತ್ತಿತ್ತಾ?'

ಕಚೇರಿಯಲ್ಲಿ ಎಲ್ಲರೂ ತಮ್ಮ ತಮ್ಮ ಪರದೆಯಲ್ಲಿ ಅದನ್ನೇ ಓದುತ್ತಿದ್ದರು.

"ಹೋದ ವಾರ ತೀರ್ಮಾನ ಆಯ್ತು ಅಂತ ಬರಿ," ಅಂದ ಅಣ್ಣ ಮೆಲ್ಲಗೆ. "ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ನಿನ್ನ ಮರ್ಯಾದೇನೂ ಉಳಿಯುತ್ತೆ."

"ನಿನ್ನದು," ಅಂದಳು ಆಕೆ. ತಿರುಗಿ ನೋಡಲಿಲ್ಲ.

ಬರೆದಳು: 'ನನಗೆ ಗೊತ್ತಿರಲಿಲ್ಲ. ಬರೆಸಿದವರಿಗೆ ಗೊತ್ತಿತ್ತು. ಆಗಲೇ ಸಹಿಯಾಗಿತ್ತು.'

ಒತ್ತಿದಳು.

ಅಣ್ಣ ಮೌಸಿಗೆ ಕೈಹಾಕಿದ. ಆಕೆ ತಡೆಯಲಿಲ್ಲ, ಕುರ್ಚಿ ಸರಿಸಿ ಜಾಗ ಬಿಟ್ಟಳು. ನಾಲ್ಕು ವರ್ಷದಲ್ಲಿ ಒಂದು ದಿನವೂ ಆ ಪುಟ ಮುಟ್ಟದವನಿಗೆ ಅಳಿಸುವ ಗುಂಡಿ ಎಲ್ಲಿದೆ ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ಕೆಳಗೆ ಹಳೇ ಛತ್ರಿಯವರ ಒಂದು ಪದ ಬಿದ್ದಿತ್ತು: 'ಓದಿದೆ.' ಆಮೇಲೆ ಎರಡೂ ಮಾಯವಾದವು.

"ಸಮಾಧಾನ ಆಯ್ತಾ?" ಅಂದ ಅಣ್ಣ. "ಸ್ವಂತ ಅಣ್ಣನ್ನ ಬೀದಿಗೆ ಎಳೆದೆ. ಊರವರಿಗೋಸ್ಕರ."

"ಬೀದಿಗೆ ನಾನು ಬೆಳಿಗ್ಗೆನೇ ಬಂದಿದ್ದೆ ಅಣ್ಣ. ನೀನು ಕಿಟಕಿ ಹಾಕ್ಕೊಂಡು ನೋಡ್ತಿದ್ದೆ."

"ನಾಳೆಗೆ ಬಾ, ಕೂತು ಮಾತಾಡೋಣ."

"ಬರಲ್ಲ."

ಆಕೆ ಚೀಲ ತೆಗೆದುಕೊಂಡು ಇಳಿದಳು. ಮಗಳನ್ನು ಕರೆದುಕೊಂಡು ಬರಲು ಇನ್ನೂ ಹೊತ್ತಿತ್ತು, ಆದರೂ ಶಾಲೆಯ ಕಡೆಗೇ ನಡೆದಳು.

ದಾರಿಯುದ್ದಕ್ಕೂ ಫೋನು ಗುಂಯ್ ಅನ್ನುತ್ತಿತ್ತು. ಅಳಿಸುವ ಮುಂಚೆ ಯಾರೋ ಆಕೆ ಬರೆದದ್ದರ ಚಿತ್ರ ತೆಗೆದಿಟ್ಟುಕೊಂಡಿದ್ದರು, ಅದು ಈಗ ಎಲ್ಲೆಡೆ ಓಡಾಡುತ್ತಿತ್ತು. ಶಾಲೆಯ ಗೋಡೆಗೆ ಒರಗಿ ಆಕೆ ಓದಿದಳು. ಬರೆಸಿದವರು ಯಜಮಾನ, ಯಜಮಾನ ಆಕೆಯ ಅಣ್ಣ ಅಂತ ಜನಕ್ಕೆ ಗೊತ್ತೇ ಇತ್ತು. ಪಾಪ ಅಂದವರು ಕೆಲವರಿದ್ದರು. ಆದರೆ ಹೆಚ್ಚು ಜನ ಮೆಚ್ಚಿದ್ದು ಒಬ್ಬನ ಮಾತನ್ನು: 'ಅಣ್ಣ ತಂಗಿ ಸೇರಿ ಚೆನ್ನಾಗಿ ನಾಟಕ ಆಡ್ತಿದ್ದಾರೆ. ಒಬ್ಬರು ಬೈಸಿಕೊಳ್ಳೋದು, ಇನ್ನೊಬ್ಬರು ಅಳೋದು. ಇವಳ ಮಾತು ಇನ್ನು ಯಾರು ನಂಬ್ತಾರೆ?'

ಹಾಗಲ್ಲ, ನಾನು ಹೇಳಿದ್ದು ನಿಜ ಅಂತ ಬರೆಯಲು ಆಕೆ ಶುರುಮಾಡಿದಳು. ಎರಡು ಪದ ಬರೆದಳು, ಅಳಿಸಿದಳು, ಮತ್ತೆ ಬರೆದಳು. ನಿಜ ಅನ್ನುವುದಕ್ಕೆ ಸಾಕ್ಷಿಯಾಗಿ ಮುಂದಿಡಲು ಆಕೆಯ ಹತ್ತಿರ ಇದ್ದದ್ದು ತನ್ನ ಮಾತೊಂದೇ. ಅದನ್ನು ಅಣ್ಣ ಐದು ತಿಂಗಳ ಹಿಂದೆಯೇ, ಒಂದು ಮೆಟ್ಟಿಲು ಹೆಚ್ಚಿನ ಬೆಲೆಗೆ, ಮಾರಿಬಿಟ್ಟಿದ್ದ.