ಹಿತ್ತಲ ಬಾಗಿಲಿನ ಹೆಣಿಗೆ

ಬೆವರು ಕಿತ್ತುಕೊಂಡು ಬರುವ ಊರಿಗೆ ಉಲ್ಲನ್ ಹೊತ್ತು ತಂದ ಹುಡುಗಿಯನ್ನು ನೋಡಿ ಹಾಸ್ಟೆಲಿನವರು ನಗದೆ ಇನ್ನೇನು ಮಾಡಿಯಾರು? ಫ್ಯಾನು ಬಿಸಿಗಾಳಿಯನ್ನೇ ಅತ್ತಿಂದಿತ್ತ ಹಂಚುತ್ತಿದ್ದ ಆ ಕೋಣೆಯಲ್ಲಿ ಅವಳು ಸೂಟ್‌ಕೇಸಿನ ಮುಚ್ಚಳ ತೆಗೆದಳು. ನರ್ಸಿಂಗ್ ಪುಸ್ತಕಗಳು ಅಡಿಯಲ್ಲೆಲ್ಲೋ ಇದ್ದವು. ಮೇಲಿದ್ದದ್ದು ಬೂದುಬಣ್ಣದ ದಾರದ ಉಂಡೆಗಳು, ಕಡ್ಡಿಗಳ ಸಮೇತ ಸುತ್ತಿಟ್ಟ ಒಂದು ಅರ್ಧ ಶಾಲು.

“ಇದ್ಯಾವ ಚಳಿಗೆ ತಾಯಿ?” ಎಂದಳು ಪಕ್ಕದ ಮಂಚದವಳು. ಅವಳದು ಕೊನೆಯ ವರ್ಷ. ಎಲ್ಲರೂ ಅವಳನ್ನು ಸೀನಿಯರಕ್ಕ ಎನ್ನುತ್ತಿದ್ದರು.

“ನಮ್ಮಜ್ಜಿಗೂ ನನಗೂ ಸೇರಿದ್ದು. ಒಂದು ಗೇಣು ಅವಳು ಹೆಣೀತಾಳೆ, ಆಮೇಲೊಂದು ಗೇಣು ನಾನು. ಪಾರ್ಸೆಲ್‌ನಲ್ಲಿ ಹೋಗ್ತಾ ಬರ್ತಾ ಇರುತ್ತೆ.”

“ಮುಗಿಯೋದು ಯಾವಾಗ?”

“ಮುಗೀಬಾರದು,” ಎಂದಳು ಹುಡುಗಿ.

ಸೀನಿಯರಕ್ಕ ಹುಬ್ಬೇರಿಸಿದಳು. ಬಿಡಿಸಿ ಹೇಳುವಷ್ಟು ಸಲಿಗೆ ಇಬ್ಬರಲ್ಲೂ ಇನ್ನೂ ಬೆಳೆದಿರಲಿಲ್ಲ.

ವಿಷಯ ಇಷ್ಟೇ. ಅಜ್ಜಿಯ ಕಿವಿ ಹೋಗಿ ಬಹಳ ಕಾಲವಾಗಿತ್ತು, ಫೋನಿನಿಂದ ಮೂರು ಕಾಸಿನ ಪ್ರಯೋಜನವಿರಲಿಲ್ಲ. ಕಣ್ಣಿಗೆ ಮಂಜು ಕವಿದಿತ್ತು, ಹಾಗಾಗಿ ಫೋಟೋ ವಿಡಿಯೋಗಳೂ ನಡೆಯುತ್ತಿರಲಿಲ್ಲ. ಅದರ ಮೇಲೆ ಮರೆವು ಬೇರೆ ಬಂದು ವಕ್ಕರಿಸಿತ್ತು. ತಿಂಡಿ ತಿಂದ ಕೈ ಒಣಗುವ ಮುಂಚೆಯೇ, ತನಗೆ ತಿಂಡಿ ಕೊಡಲಿಲ್ಲವೆಂದು ಸೊಸೆಯ ಮೇಲೆ ಹರಿಹಾಯುತ್ತಿದ್ದಳು. ಆದರೆ ಕೈಗೆ ಹೆಣಿಗೆ ಕೊಟ್ಟರೆ ಸಾಕು, ಬೆರಳುಗಳಿಗೆ ಎಲ್ಲ ನೆನಪಿರುತ್ತಿತ್ತು. ಮೊಮ್ಮಗಳು ಹೆಣೆದ ಭಾಗವನ್ನು ತಡವಿದರೆ ಮೊಮ್ಮಗಳೂ ನೆನಪಾಗುತ್ತಿದ್ದಳು.

ಅದು ಹೇಗೆಂದರೆ, ಹುಡುಗಿ ತಪ್ಪಾಗಿ ಹೆಣೆಯುತ್ತಿದ್ದಳು. ಕಡ್ಡಿಗೆ ಏರಿಸಿದ ಒಂದೊಂದು ಕುಣಿಕೆಗೂ ಅಜ್ಜಿ ‘ಮನೆ’ ಎನ್ನುತ್ತಿದ್ದಳು. ಮನೆಯೊಳಗೆ ಕಡ್ಡಿಯನ್ನು ಮುಂದಿನಿಂದ ತೂರಿಸಬೇಕು. ಈ ಹುಡುಗಿ ಚಿಕ್ಕಂದಿನಲ್ಲಿ ಎದುರಿಗೆ ಕೂತು ನೋಡಿ ಕಲಿತದ್ದಕ್ಕೋ ಏನೋ, ಹಿಂದಿನಿಂದ ತೂರಿಸುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಅದರಿಂದ ಪ್ರತಿ ಕುಣಿಕೆಯೂ ಕತ್ತು ತಿರುಚಿಕೊಂಡು ಕೂರುತ್ತಿತ್ತು, ಹೆಣಿಗೆ ಬೆರಳಿಗೆ ಒರಟೊರಟಾಗಿ ಸಿಗುತ್ತಿತ್ತು. ಅಜ್ಜಿ ತಿದ್ದಲಿಲ್ಲ. “ನಮ್ಮ ತರಲೆ ಎಲ್ಲಾ ಮನೆಗೂ ಹಿತ್ತಲ ಬಾಗಿಲಿಂದಲೇ ನುಗ್ತಾಳೆ” ಎಂದು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದಳು. ತರಲೆ ಎನ್ನುವುದು ಮೊಮ್ಮಗಳಿಗೆ ಅವಳೇ ಇಟ್ಟ ಅಡ್ಡಹೆಸರು. ಈಗ ನಿಜವಾದ ಹೆಸರು ಮರೆತುಹೋಗಿತ್ತು, ತರಲೆ ಮಾತ್ರ ಉಳಿದಿತ್ತು. ತಿರುಚಿದ ಮನೆಗಳ ಮೇಲೆ ಬೆರಳಾಡಿಸಿದಾಗಲೆಲ್ಲ ಆ ಹೆಸರು ಬಾಯಿಗೆ ಬರುತ್ತಿತ್ತು.

ಹುಡುಗಿಗೆ ಬೇಕಾಗಿದ್ದದ್ದೂ ಅಷ್ಟೇ. ಓದು ಮುಗಿಸಿ ಮರಳುವ ತನಕ ಅಜ್ಜಿಯ ತಲೆಯಲ್ಲಿ ತನಗೊಂದು ಜಾಗ ಉಳಿದಿರಬೇಕು.

ನರ್ಸಿಂಗ್ ಓದು ಮಕ್ಕಳಾಟವಲ್ಲ ಎನ್ನುವುದು ಬೇಗನೆ ಗೊತ್ತಾಯಿತು. ಬೆಳಗ್ಗೆ ವಾರ್ಡು, ಮಧ್ಯಾಹ್ನ ಪಾಠ, ಸಂಜೆ ರೆಕಾರ್ಡು ಬರೆಯುವ ಕೆಲಸ. ವಾರ್ಡಿನಲ್ಲಿ ಯಾರ ಯಾರದೋ ಅಜ್ಜಿಯರ ಬೆನ್ನು ಒರೆಸಿ, ಮಗ್ಗುಲು ಬದಲಿಸಿ, ಕೇಳದ ಕಿವಿಗೆ ಬಾಯಿಟ್ಟು “ಮಾತ್ರೆ ನುಂಗಿ ಅಜ್ಜೀ” ಎಂದು ಕೂಗಿ ಬಂದವಳಿಗೆ ಸ್ವಂತ ಅಜ್ಜಿಯ ಶಾಲು ಎತ್ತಿಕೊಳ್ಳಲು ಕೈಯಲ್ಲಿ ಕಸುವಿರುತ್ತಿರಲಿಲ್ಲ. ಎತ್ತಿಕೊಂಡರೂ ಬೆವರಿಗೆ ದಾರ ಬೆರಳಿಗಂಟಿ ಕಡ್ಡಿ ಮುಂದಕ್ಕೆ ಹೋಗುತ್ತಿರಲಿಲ್ಲ. ಒಂದು ದಿನ ಪಾಠದ ನಡುವೆ ಹಿಂದಿನ ಬೆಂಚಿನಲ್ಲಿ ಕೂತು ಡೆಸ್ಕಿನ ಕೆಳಗೆ ಹೆಣೆಯಲು ನೋಡಿದಳು. ಉಂಡೆ ಜಾರಿತು, ಉರುಳಿತು, ಎಲ್ಲಿಯೂ ನಿಲ್ಲದೆ ಹೋಗಿ ಮೇಡಂ ಕಾಲಬುಡದಲ್ಲೇ ನಿಂತಿತು. ಅಷ್ಟು ದೊಡ್ಡ ಕೋಣೆಯಲ್ಲಿ ಅದಕ್ಕೆ ಬೇರೆ ಜಾಗ ಸಿಗಲಿಲ್ಲ.

“ಇಂಜೆಕ್ಷನ್ ಕೊಡೋದು ಕಲಿಯೋಕೆ ಬಂದಿದೀಯೋ, ಸ್ವೆಟರ್ ಹೆಣೆಯೋದು ಕಲಿಯೋಕೋ?” ಎಂದರು ಮೇಡಂ.

ಇಡೀ ತರಗತಿ ಗೊಳ್ಳೆಂದಿತು. ಮೇಡಂ ಉಂಡೆಯನ್ನು ಎತ್ತಿ ಮೇಜಿನ ಮೇಲಿಟ್ಟುಕೊಂಡು ಪಾಠ ಮುಂದುವರಿಸಿದರು. ಆಮೇಲೆ ಕಿರುಪರೀಕ್ಷೆಯಲ್ಲಿ ಅವಳು ಫೇಲಾದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಅಂದಿನಿಂದ ಹೆಣಿಗೆ ಸೂಟ್‌ಕೇಸು ಸೇರಿತು.

ಅಮ್ಮನ ಫೋನು ಬರುತ್ತಲೇ ಇತ್ತು. “ಶಾಲು ಕಳಿಸಿದ್ಯಾ? ಅಜ್ಜಿ ದಿನಾ ಬಾಗಿಲಿಗೆ ಹೋಗಿ ನಿಲ್ತಾರೆ. ಆಮೇಲೆ ಕಡ್ಡಿ ಹಿಡಿದವರ ಹಾಗೆ ಬರೀ ಬೆರಳು ಆಡಿಸ್ತಾ ಕೂರ್ತಾರೆ. ನೋಡೋಕಾಗಲ್ಲ ಕಣೇ.”

“ಕಳಿಸ್ತೀನಮ್ಮ. ಈ ವಾರ.”

ಈ ವಾರ, ಈ ವಾರ ಎನ್ನುತ್ತ ಎಷ್ಟೋ ವಾರಗಳು ಕಳೆದವು.

ಕೊನೆಗೊಂದು ಭಾನುವಾರ ಅವಳು ಮಂಚದ ಮೇಲೆ ಹೆಣಿಗೆ ಹಿಡಿದು ಒದ್ದಾಡುವುದನ್ನು ಸೀನಿಯರಕ್ಕ ನೋಡಿದಳು. ಅವಳೂ ಶಾಲೆಯ ದಿನಗಳಲ್ಲಿ ತಕ್ಕಮಟ್ಟಿಗೆ ಹೆಣೆದವಳೇ.

“ಅಯ್ಯೋ, ಹಿಂದಿನಿಂದ ಹಾಕ್ತಿದೀಯಲ್ಲೇ! ಅದಕ್ಕೇ ಇಷ್ಟು ಬಿಗಿ. ಮುಂದಿನಿಂದ ಹಾಕು. ದಾರ ಎಡಗೈ ಬೆರಳಿಗೆ ಸುತ್ಕೋ. ಹಾಂ, ಹಾಗೆ. ನೋಡೀಗ, ಅರ್ಧಕ್ಕರ್ಧ ಹೊತ್ತು ಉಳಿಯುತ್ತೆ.”

ಉಳಿಯಿತು ನಿಜ. ಕೈಗಳು ಅವುಗಳ ಪಾಡಿಗೆ ಓಡತೊಡಗಿದವು. ತೊಡೆಯ ಮೇಲೆ ಪುಸ್ತಕ ತೆರೆದಿಟ್ಟುಕೊಂಡು ಮೂಳೆಗಳ ಹೆಸರು ಉರುಹೊಡೆಯುತ್ತಲೇ ಸಾಲಿನ ಮೇಲೆ ಸಾಲು ಏರಿಸಿದಳು. ಈ ಊರಿಗೆ ಬಂದಮೇಲೆ ಅವಳಿಗೆ ಹಿಗ್ಗಾದದ್ದು ಅದೇ ಮೊದಲು. ಓದೂ ಆಯಿತು, ಹೆಣಿಗೆಯೂ ಆಯಿತು, ಇನ್ನೇನು ಬೇಕು? ಗೇಣು ಮುಗಿದಾಗ ಅಂಗಡಿಯ ಮಾಲಿನಂತೆ ನುಣ್ಣಗಿತ್ತು. ಅಜ್ಜಿ ಬೆನ್ನು ತಟ್ಟುತ್ತಾಳೆ ಎಂದುಕೊಂಡು ಪಾರ್ಸೆಲ್ ಕಟ್ಟಿದಳು. ಅವಳ ಬುದ್ಧಿಗೆ ಮಂಕು ಕವಿದಿತ್ತೆನ್ನಬೇಕು, ಬೇರೇನೂ ಹೊಳೆಯಲಿಲ್ಲ.

ಅಮ್ಮ ಫೋನಿನಲ್ಲಿ ನಗುತ್ತಲೇ ಶುರುಮಾಡಿದಳು. “ನಿಮ್ಮಜ್ಜಿ ಏನಂತಾರೆ ಗೊತ್ತಾ? ಯಾರೋ ಹೆಣೆದಿದ್ದನ್ನ ತಂದುಕೊಟ್ಟು ನನಗೆ ಟೋಪಿ ಹಾಕ್ತಿದೀರಾ ಅಂತ!”

ಹುಡುಗಿಯೂ ನಕ್ಕಳು. ನಗು ಅರ್ಧದಲ್ಲೇ ನಿಂತುಹೋಯಿತು. ಆ ನುಣುಪಿನಲ್ಲಿ ಅಜ್ಜಿಗೆ ತಾನು ಸಿಕ್ಕಿಲ್ಲವೆಂದು ಅವಳಿಗೆ ಆಗ ಹೊಳೆಯಿತು.

ಮುಂದಿನ ಸಲ ಅಮ್ಮ ನಗಲಿಲ್ಲ. “ನೀನು ಬದುಕಿಲ್ಲ ಅಂದ್ಕೊಂಡಿದಾರೆ ಕಣೇ. ‘ತರಲೆಗೆ ಏನಾಯ್ತು, ನನ್ನಿಂದ ಮುಚ್ಚಿಡಬೇಡಿ’ ಅಂತ ಒಂದೇ ಸಮ ಅಳ್ತಾರೆ. ಒಂದು ದಿನಕ್ಕಾದ್ರೂ ಬಂದು ಹೋಗೇ.”

“ಸೋಮವಾರದಿಂದ ಪರೀಕ್ಷೆ ಅಮ್ಮ. ಈಗ ಕೂರದಿದ್ರೆ ಇಡೀ ವರ್ಷ ಹೋಗುತ್ತೆ.”

ಓದು ಬಿಟ್ಟು ಬಾ ಎಂದು ಯಾವ ತಾಯಿಯ ಬಾಯಲ್ಲಿ ಬಂದೀತು? ಪರೀಕ್ಷೆಯ ನಡುವೆ ಹುಡುಗಿಯೇ ಫೋನು ಮಾಡಿ, “ಇನ್ನೂ ಅಳ್ತಿದಾಳಾ?” ಎಂದು ಕೇಳಿದಳು.

“ಇಲ್ಲ, ಈಗ ಸಮಾಧಾನವಾಗಿದಾರೆ. ಕೇಳೋದನ್ನೇ ಬಿಟ್ಟುಬಿಟ್ಟಿದಾರೆ.”

ಕೇಳುವುದನ್ನೇ ಬಿಟ್ಟಳೆಂದರೆ ಮರೆತಳೆಂದೇ ಅರ್ಥ. ಅಜ್ಜಿ ಅಳುತ್ತಿದ್ದರೇ ಚೆನ್ನಾಗಿತ್ತು. ಮರುದಿನದ ಪತ್ರಿಕೆಯಲ್ಲಿ ಬರೆಯಬೇಕಾದದ್ದರ ಅರ್ಧವನ್ನು ಖಾಲಿ ಬಿಟ್ಟು ಎದ್ದು ಬಂದಳು. ಯಾವುದಕ್ಕಾಗಿ ಊರಿಗೆ ಹೋಗದೆ ಉಳಿದಿದ್ದಳೋ ಅದೂ ಕೈಬಿಟ್ಟಿತು.

ಪರೀಕ್ಷೆ ಮುಗಿದದ್ದೇ ತಡ, ಬಸ್ಸು ಹತ್ತಿದಳು. ಮನೆಯಲ್ಲಿ ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಎರಡು ಕೈಗಳೂ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಹುಡುಗಿ ಮಂಡಿಯೂರಿ, ಆ ಕೈ ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡಳು. ಅಜ್ಜಿ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

“ಯಾರಮ್ಮ ನೀವು? ಮೇಲೆ ಕೂತ್ಕೊಳಿ. ನಮ್ಮ ಸೊಸೆ ಒಳಗಿದಾಳೆ, ಕರೀತೀನಿ.”

ನೀವು. ಹುಟ್ಟಿದಾಗಿನಿಂದ ಅಜ್ಜಿ ಅವಳನ್ನು ಕತ್ತೆ ಎಂದಿದ್ದಳು, ಕೋತಿ ಎಂದಿದ್ದಳು, ಮುದ್ದು ಉಕ್ಕಿದಾಗ ಅದಕ್ಕಿಂತ ಕೆಟ್ಟದ್ದನ್ನೂ ಅಂದಿದ್ದಳು. ಬಹುವಚನ ಒಂದು ಸಲವೂ ಹಚ್ಚಿರಲಿಲ್ಲ.

ಅವಳು ಕಪಾಟಿನಿಂದ ಶಾಲು ಎಳೆದುಕೊಂಡು ನೆಲದ ಮೇಲೆ ಕೂತಳು. ತಾನು ಅಷ್ಟು ಹಿಗ್ಗಿನಿಂದ ಹೆಣೆದ ನುಣುಪಾದ ಗೇಣನ್ನು ಸರಸರನೆ ಬಿಚ್ಚಿಹಾಕಿದಳು. ಗುಂಗುರು ಗುಂಗುರಾದ ದಾರ ಮಡಿಲು ತುಂಬಿತು. ಆಮೇಲೆ ಮನೆಗಳನ್ನು ಮತ್ತೆ ಕಡ್ಡಿಗೇರಿಸಿ ಹಳೆಯ ರೀತಿಯಲ್ಲಿ ಶುರುಮಾಡಿದಳು. ಕೈ ಕೇಳಲಿಲ್ಲ. ಸರಿಯಾದದ್ದನ್ನು ಕಲಿತ ಬೆರಳುಗಳು ಪ್ರತಿ ಸಲವೂ ಮುಂದಿನಿಂದಲೇ ನುಗ್ಗುತ್ತಿದ್ದವು. ಚಿಕ್ಕಂದಿನಿಂದ ತಾನಾಗಿ ಬರುತ್ತಿದ್ದ ತಪ್ಪನ್ನು ಈಗ ಹಲ್ಲು ಕಚ್ಚಿ ಮಾಡಬೇಕಾಯಿತು. ಅಮ್ಮ ಊಟಕ್ಕೆ ಕರೆದಳು, ಇವಳು ಏಳಲಿಲ್ಲ. ನಾಲ್ಕು ಬೆರಳಿನ ಅಗಲವಾದಾಗ ಶಾಲನ್ನು ತಂದು ಅಜ್ಜಿಯ ಮಡಿಲಿಗೆ ಹಾಕಿದಳು.

ಅಜ್ಜಿಯ ಬೆರಳು ಮೊದಲು ಸೋಮಾರಿಯಾಗಿ ಹರಿದಾಡಿತು. ಕಡ್ಡಿಯ ಪಕ್ಕದ ಹೊಸ ಸಾಲುಗಳಿಗೆ ಬಂದು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂತು. ಮುಖ ಅರಳಿತು.

“ಏ, ಇದು ನಮ್ಮ ತರಲೆ ಕೈ!”

ಹುಡುಗಿ ಜೋರಾಗಿ ತಲೆಯಾಡಿಸಿದಳು. ಎರಡು ಕೈಯನ್ನೂ ಎದೆಗೆ ಬಡಿದುಕೊಂಡು, “ನಾನೇ ಅಜ್ಜಿ, ನಾನೇ” ಎಂದು ಕೂಗಿದಳು. ಅಮ್ಮ ಓಡಿಬಂದು ಅಜ್ಜಿಯ ಕಿವಿಗೆ ಬಾಯಿಟ್ಟು “ಇವಳೇ ತರಲೆ!” ಎಂದು ಕಿರುಚಿದಳು. ಅಜ್ಜಿಗೆ ಏನೂ ಕೇಳಲಿಲ್ಲ. ಅವಳು ಹುಡುಗಿಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

“ಬದುಕಿದಾಳೆ, ಅಲ್ವಾ? ನಿಮಗೆಲ್ಲಿ ಸಿಕ್ಕಿದ್ಲು? ಹೊತ್ತೊತ್ತಿಗೆ ಊಟ ಮಾಡ್ತಾಳಾ? ನೀವು ಇದನ್ನ ತಂದುಕೊಟ್ಟು ದೊಡ್ಡ ಉಪಕಾರ ಮಾಡಿದ್ರಿ ನೋಡಿ. ಅವಳಿಗೆ ಒಂದು ಮಾತು ಹೇಳಿ ತಾಯಿ. ಓದು ಮುಗಿಸಿಕೊಂಡು ನಿಧಾನಕ್ಕೆ ಬರಲಿ, ನನಗೇನೂ ಅವಸರವಿಲ್ಲ. ಹಿತ್ತಲ ಬಾಗಿಲು ತೆಗೆದೇ ಇಟ್ಟಿರ್ತೀನಿ. ಹೇಳ್ತೀರಾ?”

ಹೇಳ್ತೀನಿ ಎಂದು ಹುಡುಗಿ ತಲೆಯಾಡಿಸಿದಳು.