ಮೇಜಿನಜ್ಜಿಯ ಚೀಟಿಗಳು

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಎಲ್ಲರೂ ಮೇಜಿನಜ್ಜಿ ಎಂದೇ ಕರೆಯುವ ಮುದುಕಿ ತನ್ನ ಮೇಜಿನ ಮೇಲಿದ್ದವನ್ನು ಒಂದೊಂದಾಗಿ ಎತ್ತಿ, ಮೆತ್ತನೆಯ ಬ್ರಷ್ ಆಡಿಸಿ ಧೂಳು ತೆಗೆಯುತ್ತಿದ್ದಳು. ಹಾವಿನ ಪೊರೆ, ಆಮೆಯ ಚಿಪ್ಪು, ಗೂಬೆಯ ಗರಿ, ಆಮೇಲೆ ಸಾಲಾಗಿ ಹಕ್ಕಿಗೂಡುಗಳು. ಊರಂಚಿನ ಆ ನಿಸರ್ಗ ಕೇಂದ್ರದ ಮಿಕ್ಕ ಕೋಣೆಗಳಲ್ಲೆಲ್ಲ ಗಾಜಿನ ಪೆಟ್ಟಿಗೆ, ‘ಮುಟ್ಟಬೇಡಿ’ ಎಂಬ ಫಲಕ. ಇವಳ ಕೋಣೆಯಲ್ಲಿ ಮಾತ್ರ ಮುಟ್ಟದೆ ಹೋದರೆ ಬೈಗುಳ. “ಬರೀ ನೋಡೋಕೆ ಮನೇಲಿ ಟೀವಿ ಇಲ್ವಾ? ಕೈ ಹಾಕಿ!” ಎಂದು ಮಕ್ಕಳನ್ನಷ್ಟೇ ಅಲ್ಲ, ಹಿಂಜರಿಯುವ ಅಪ್ಪಂದಿರನ್ನೂ ಗದರುತ್ತಿದ್ದಳು.

ಮುಟ್ಟಿದ್ದೆಲ್ಲ ಸವೆಯುತ್ತದೆ. ಗರಿ ತಿಂಗಳೊಳಗೆ ಬೋಳಾಗುತ್ತದೆ. ಗೂಡಂತೂ ನಾಲ್ಕು ಭಾನುವಾರ ತಾಳಿದರೆ ಹೆಚ್ಚು. ಹೋದ ವರ್ಷ ಮೇಜು ಬರಿದಾದಾಗ, ಬಿದ್ದ ಗೂಡು ಸಿಕ್ಕರೆ ತಂದುಕೊಡಿ ಎಂದು ಅಜ್ಜಿಯೇ ಬಂದವರನ್ನು ಕೇಳಿಕೊಂಡಿದ್ದಳು. ಮೊದಲು ತಂದ ಹುಡುಗಿಯ ಹೆಸರನ್ನು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಗೂಡಿನ ಪಕ್ಕ ಅಂಟಿಸಿದಳು. ಅಷ್ಟೇ ಸಾಕಾಯಿತು. ಚೀಟಿಯ ಪಕ್ಕ ಮಗುವನ್ನು ನಿಲ್ಲಿಸಿ ಫೋಟೋ ತೆಗೆಯುವವರು ಹೆಚ್ಚಾದರು. ಒಬ್ಬರು ತಂದರೆ ಮುಂದಿನ ವಾರ ಅವರ ನೆರೆಯವರು ಇನ್ನೂ ದೊಡ್ಡದನ್ನು ತಂದರು. ಕೆಲವು ಗೂಡುಗಳ ಅಡಿಯಲ್ಲಿ, ಮರದಿಂದ ಆಗಷ್ಟೇ ಕಿತ್ತಂತೆ, ಹಸಿ ತೊಗಟೆ ಅಂಟಿಕೊಂಡಿದ್ದನ್ನು ಅಜ್ಜಿ ಕಂಡಿದ್ದಳು. ಕಂಡೂ ಕಾಣದವಳಂತೆ ಬ್ರಷ್ ಆಡಿಸಿದ್ದಳು.

ಆ ಹೊತ್ತಿಗೆ ಅವಳ ಮಗ ಹಿಂಬಾಗಿಲಿನಿಂದ ಬಂದ. ಮನೆಮನೆಗೆ ಹೋಗಿ ವಿದ್ಯುತ್ ತಂತಿ ಎಳೆಯುವ ಕೆಲಸ ಅವನದು. ಕೈಯಲ್ಲಿ ಟವೆಲಿನ ಗಂಟು. ಹಿಂದೆ ಅವನ ಮಗಳು, ಮನೆಯವರೆಲ್ಲ ಚೂಟಿ ಎಂದು ಕರೆಯುವವಳು, ಕುಣಿಯುತ್ತ ಬಂದಳು.

“ಅಜ್ಜೀ, ಕಣ್ಣು ಮುಚ್ಚು. ಕೈ ಚಾಚು. ಏನಂತ ಹೇಳು!”

ಅಜ್ಜಿ ನಗುತ್ತ ಕಣ್ಣು ಮುಚ್ಚಿದಳು. ಬೆರಳಿಗೆ ಒಣಹುಲ್ಲು ತಗುಲಿತು, ಕೂದಲೆಳೆ, ಯಾವುದೋ ಬಟ್ಟೆಯ ದಾರ. ಆಮೇಲೆ ನುಣ್ಣನೆಯದೊಂದು. ಅದು ಬೆಚ್ಚಗಿತ್ತು. ಬೆರಳು ಅಲ್ಲೇ ನಿಂತಿತು.

“ಎರಡಿದೆ! ಮೊಟ್ಟೆ ಸಮೇತ ಇನ್ನೂ ಯಾರೂ ತಂದಿಲ್ಲ ಅಲ್ವಾ? ನನ್ನ ಚೀಟಿ ಎಲ್ಲರದ್ದಕ್ಕಿಂತ ದೊಡ್ಡದಿರ್ಬೇಕು.”

“ಎಲ್ಲಿಂದ ತಂದ್ಯೋ?” ಅಜ್ಜಿ ಮಗನನ್ನು ಕೇಳಿದಳು.

“ಗ್ಯಾರೇಜಿನ ಹಿಂದಿನ ಮರ. ಕೊಂಬೇನೇ ಕತ್ತರಿಸ್ದೆ. ನೋಡು, ಒಂದು ಎಳೆ ಕದಲಿಲ್ಲ.”

“ತಾಯಿ ಹಕ್ಕಿ?”

“ಹಾರಿಹೋಯ್ತು. ಇನ್ನೊಂದು ಕಟ್ಕೊಳ್ಳುತ್ತೆ ಬಿಡಮ್ಮ. ಅದಕ್ಕೇನು ಬಾಡಿಗೆನಾ, ಮುಂಗಡನಾ?”

“ತಮಾಷೆ ಮಾಡ್ಬೇಡ. ಮೊಟ್ಟೆ ಕಣ್ಣಿಗೆ ಬೀಳ್ಲಿಲ್ವೇನೋ ನಿಂಗೆ?”

ಮಗನ ಮುಖ ಇಳಿಯಿತು. “ಊರವರು ತಂದ್ರೆ ಬಾಯ್ತುಂಬ ಹೊಗಳ್ತೀಯ, ನನ್ನ ಮಗಳು ತಂದ್ರೆ ವಿಚಾರಣೆ. ಈ ಗೂಡೆಲ್ಲ ತಾವಾಗೇ ನಡ್ಕೊಂಡು ಬಂದ್ವಾ ಇಲ್ಲಿಗೆ? ವಾರವಾರ ಬಂದು ತನ್ನ ಹೆಸರಿಲ್ಲ ಅಂತ ಸಪ್ಪಗೆ ನಿಲ್ಲೋಳು ಇವಳು. ಆ ಆಸೆ ಹುಟ್ಸಿದ್ದು ಯಾರು, ನೀನೇ ಅಲ್ವಾ?”

ಅಷ್ಟರಲ್ಲಿ ಕೇಂದ್ರದ ಮೇಲ್ವಿಚಾರಕರು ಬೀಗದಕೈ ಹಿಡಿದು ಬಂದರು. ಒಳ್ಳೆಯ ಮನುಷ್ಯ, ಬರುವ ಜನವನ್ನು ಕಂಡರೆ ಹಿಗ್ಗುವವರು.

“ಮೊಟ್ಟೆನೂ ಇದೆಯಾ? ಮಧ್ಯದಲ್ಲಿಡಿ, ಎಲ್ರಿಗೂ ಕಾಣ್ಲಿ. ಈ ಮೇಜಿಂದಾನೇ ಅಲ್ವೇನಮ್ಮ ಮಕ್ಕಳು ಹಕ್ಕಿಪಕ್ಷಿನ ಪ್ರೀತಿಸೋದು ಕಲ್ತಿರೋದು?”

“ಏನು ಕಲ್ತಿದಾರೋ ನಂಗೀಗ ಗೊತ್ತಿಲ್ಲ ಸಾರ್. ಇವತ್ತು ನಾನು ಮೇಜಿಗೆ ನಿಲ್ಲಲ್ಲ,” ಎಂದು ಅಜ್ಜಿ ಗೂಡನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡಳು. “ನಡಿಯೋ, ಆ ಮರ ತೋರಿಸು.”

ಗ್ಯಾರೇಜಿನವರ ಏಣಿ ಕೇಳಿ ಪಡೆದು ಮಗ ಮರ ಹತ್ತಿದ. ಕತ್ತರಿಸಿದ ಕೊಂಬೆಯ ಮೊಂಡು ಇನ್ನೂ ಬೆಳ್ಳಗಿತ್ತು. ಅದರಿಂದ ಒಂದು ಗೇಣು ಕೆಳಗಿನ ಕೊಂಬೆಗೆ ಗೂಡನ್ನು ಹುರಿಯಿಂದ ಕಟ್ಟಿ ಇಳಿದ. ಮೂವರೂ ಗೋಡೆಯ ಮರೆಗೆ ಸರಿದು ಕಾದರು.

ಹಕ್ಕಿ ಬಂತು. ಮುಷ್ಟಿಯಷ್ಟಿದ್ದ ಬೂದುಬಣ್ಣದ ಹಕ್ಕಿ. ನೇರವಾಗಿ ಬಂದದ್ದು ಕೊಂಬೆ ಇದ್ದ ಜಾಗಕ್ಕೆ. ಕೂರಲು ಏನೂ ಇಲ್ಲದೆ ಬರಿಗಾಳಿಯಲ್ಲಿ ರೆಕ್ಕೆ ಬಡಿಯಿತು, ಹಿಂದಕ್ಕೆ ಹಾರಿತು, ಮತ್ತೆ ಅಲ್ಲಿಗೇ ಬಂತು. ಒಂದು ಗೇಣು ಕೆಳಗಿನ ಗೂಡು ಅದಕ್ಕೆ ಕಾಣಲಿಲ್ಲವೋ, ಕಂಡರೂ ತನ್ನದೆನಿಸಲಿಲ್ಲವೋ.

“ಅಜ್ಜಿ, ಕೆಳಗಿದೆ ಅಂತ ಹೇಳು ಅದಕ್ಕೆ,” ಎಂದು ಚೂಟಿ ಪಿಸುಗುಟ್ಟಿದಳು.

“ನನ್ನ ಮಾತು ಅದಕ್ಕೆ ತಿಳಿಯಲ್ಲಮ್ಮ.”

“ಇನ್ನೊಂಚೂರು ಮೇಲೆ ಕಟ್ಲಾ?” ಎಂದು ಮಗ ಮತ್ತೆ ಹತ್ತಿದ. ಮೂರು ಸಲ ಹತ್ತಿದ, ಮೂರು ಸಲ ಜಾಗ ಬದಲಿಸಿದ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಹಕ್ಕಿ ಬರುವುದನ್ನೇ ಬಿಟ್ಟಿತು. ಕೊನೆಯ ಸಲ ಹತ್ತಿದವನು ಮೊಟ್ಟೆಯನ್ನು ಬೆರಳಿನಿಂದ ಮುಟ್ಟಿ, ತಣ್ಣಗಾದದ್ದು ತಿಳಿದು, ಒಂದೊಂದೇ ಮೆಟ್ಟಿಲು ಇಳಿದು ಬಂದು ಏಣಿಯ ಬುಡದಲ್ಲೇ ಕೂತ.

“ಟವೆಲ್ ಸುತ್ಕೊಂಡು ತಂದಿದ್ದೆ ಕಣಮ್ಮ,” ಎಂದ. “ಚಳಿ ಆಗ್ದೇ ಇರ್ಲಿ ಅಂತ.”

ಅಜ್ಜಿ ಅವನ ತಲೆಯ ಮೇಲೆ ಕೈ ಇಟ್ಟಳು. “ನೀನೊಬ್ನೇ ಕಿತ್ತಿದ್ದಲ್ಲ ಕಣೋ. ಹಸಿ ತೊಗಟೆ ಕಂಡಾಗ್ಲೇ ನಾನು ಬಾಯಿ ಬಿಡ್ಬೇಕಿತ್ತು.”

ಮರುದಿನ ಅಜ್ಜಿ ಒದ್ದೆ ಬಟ್ಟೆಯಿಂದ ಉಜ್ಜಿ ಉಜ್ಜಿ ಚೀಟಿಗಳನ್ನೆಲ್ಲ ಕಿತ್ತಳು. ಮೇಲ್ವಿಚಾರಕರು, “ಜನ ಬರೋದು ನಿಂತ್ರೆ?” ಎಂದು ಗೊಣಗಿದರು. ಅಜ್ಜಿ ನಡೆದದ್ದನ್ನು ಇದ್ದಹಾಗೆ ಹೇಳಿದಳು. ಅವರು ಗಟ್ಟಿಯಾಗಿ ಅಂಟಿಕೊಂಡಿದ್ದ ಒಂದು ಚೀಟಿಯನ್ನು ತಾವೇ ಉಗುರಿನಿಂದ ಕೆರೆಯತೊಡಗಿದರು.

ಮುಂದಿನ ಭಾನುವಾರ ಮೇಜಿನ ಮೇಲೆ ಗೂಡುಗಳಿರಲಿಲ್ಲ. ಒಂದು ಬುಟ್ಟಿ ಒಣಹುಲ್ಲು, ಒಂದು ಬಟ್ಟಲು ಕೆಸರು, ದಾರದ ಚೂರುಗಳು ಇದ್ದವು. “ಎರಡೇ ಬೆರಳು, ಕೊಕ್ಕಿನ ಹಾಗೆ. ಮೂರನೇ ಬೆರಳು ತಾಗಿಸಿದ್ರೆ ಔಟ್! ಕಟ್ಟಿ ನೋಡೋಣ ಒಂದು ಗೂಡು,” ಎಂದು ಅಜ್ಜಿ ಬಂದವರನ್ನೆಲ್ಲ ಕೂರಿಸಿದಳು. ಹಳೆಯ ಗೂಡುಗಳು ಎಲ್ಲಿ ಎಂದು ಕೇಳಿದವರಿಗೆ, ತನ್ನ ಚೀಟಿಗಳಿಂದ ಏನಾಯಿತೆಂದು ಬಚ್ಚಿಡದೆ ಹೇಳಿದಳು. ಕೆಲವರು ತಲೆ ತಗ್ಗಿಸಿದರು. ಒಬ್ಬಾಕೆ, “ಮಕ್ಕಳ ಖುಷೀನೂ ಕಿತ್ಕೊಂಡ್ರಾ?” ಎಂದು ಸಿಡುಕಿ ಹೊರಟುಹೋದಳು.

ಮಗ ಚೂಟಿಯ ಪಕ್ಕ ಕೂತಿದ್ದ. ಕಣ್ಣಿಗೆ ಕಾಣದಷ್ಟು ಸಣ್ಣ ತಂತಿಯನ್ನೂ ಸಲೀಸಾಗಿ ಹೆಣೆಯುವವನಿಗೆ ಒಂದು ಗಂಟೆಯಾದರೂ ಹುಲ್ಲಿನ ಒಂದು ಸುತ್ತು ನಿಲ್ಲಲಿಲ್ಲ. ಕಟ್ಟಿದಷ್ಟೂ ಬಿಚ್ಚಿಕೊಳ್ಳುತ್ತಿತ್ತು. “ಅಪ್ಪ, ನೀನು ಔಟ್,” ಎಂದು ಚೂಟಿ ಮೆಲ್ಲಗೆ ಹೇಳಿದಳು. ಅವನು ಮತ್ತೆ ಮೊದಲಿನಿಂದ ಶುರುಮಾಡಿದ.

ಆಗ ಒಬ್ಬಾತ ಬಾಗಿಲಲ್ಲಿ ಕಾಣಿಸಿಕೊಂಡ. ಬಟ್ಟೆಯ ಚೀಲವನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದಿದ್ದ. “ಇಲ್ಲಿ ಗೂಡು ತಗೋತೀರಂತಲ್ಲ? ನಮ್ಮ ಮಹಡಿ ಕಿಟಕೀದು. ಒಳಗೆ ಮೊಟ್ಟೆನೂ ಇದೆ.”

ಅಜ್ಜಿ ಬಾಯಿ ತೆರೆಯುವುದರೊಳಗೆ ಮಗ ಎದ್ದು ನಿಂತಿದ್ದ.

“ಕಿಟಕಿ ಅಲ್ಲೇ ಇದೆಯಲ್ಲ? ಏನೂ ಕತ್ತರಿಸಿಲ್ಲ ತಾನೇ?”

“ಇಲ್ಲಪ್ಪ, ಹಾಗೇ ಎತ್ಕೊಂಡು ಬಂದೆ. ಈಗಷ್ಟೇ.”

“ಹಾಗಾದ್ರೆ ಜಾಗ ಇನ್ನೂ ಇದೆ. ಬನ್ನಿ, ಬೇಗ ಬನ್ನಿ. ಯಾಕೆ ಅಂತ ದಾರೀಲಿ ಹೇಳ್ತೀನಿ.”

ಕೆಸರಾದ ಕೈ ತೊಳೆಯದೆಯೇ ಅವನು ಮೆಟ್ಟಿಲಿಳಿದ. ಆತ ಚೀಲ ಅಲುಗದಂತೆ ಎದೆಗೆ ಹಿಡಿದುಕೊಂಡು ಅವನ ಹಿಂದೆಯೇ ಓಡಿದ.